ವಿಚಿಟಾ ಬೆಟ್ಟಗಳ ಹುಲ್ಲುಗಾವಲಲ್ಲಿ ಟೆಂಟ್ ಹಾಕಲು ಹೊರಟವರಿಗೆ

ಡಾಲಸ್ ಸುತ್ತಮುತ್ತಲಿನ ಕನ್ನಡದವರಲ್ಲಿ ಒಕ್ಲಹೋಮಾದ ವಿಚಿಟಾ ಮೌಂಟನ್ಸ್ ವನ್ಯಜೀವಿ ಧಾಮಕ್ಕೆ ಹೋಗಿಬಂದವರು ಬೇಕಾದಷ್ಟು ಮಂದಿ ಇದ್ದಾರೆ. ರಾತ್ರಿ ಉಳಿದವರು ಮಾತ್ರ ಕಮ್ಮಿ. ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟು, ಮಧ್ಯಾಹ್ನದ ಹೊತ್ತಿಗೆ ಮುಟ್ಟಿ, ಮೌಂಟ್ ಸ್ಕಾಟ್ ಮೇಲಕ್ಕೆ ಕಾರು ಹತ್ತಿಸಿ, ದಾರಿಯಲ್ಲಿ ಬೈಸನ್ (ಅಮೆರಿಕದ ಕಾಡುಕೋಣ) ಸಿಕ್ಕರೆ ಫೋಟೊ ತೆಗೆದು, ಕತ್ತಲಾಗುವ ಮೊದಲು ವಾಪಸ್ ಹೊರಡುವುದೇ ರೂಢಿ. ಹುಲ್ಲುಗಾವಲಲ್ಲಿ ಏನೂ ನಡೆಯದ ಹೊತ್ತೆಂದರೆ ಆ ನಡುಮಧ್ಯಾಹ್ನವೇ. ಪ್ರಾಣಿಗಳೆಲ್ಲ ಓಕ್ ಮರಗಳ ನೆರಳಿಗೆ ಸೇರಿಕೊಂಡಿರುತ್ತವೆ. ಅವು ಬಯಲಿಗೆ ಇಳಿಯುವುದು ನಸುಕಿನಲ್ಲಿ ಮತ್ತು ಹೊತ್ತು ಮುಳುಗುವಾಗ. ಹಾಗಾಗಿ ಹೋಗುವುದಾದರೆ ಒಂದು ರಾತ್ರಿಯಾದರೂ ಅಲ್ಲೇ ಟೆಂಟ್ ಹಾಕಿ ಉಳಿಯಿರಿ. ಎರಡು ರಾತ್ರಿಯಾದರೆ ಇನ್ನೂ ಒಳ್ಳೆಯದು.

ಧಾಮ ಇರುವುದು ಒಕ್ಲಹೋಮಾದ ನೈರುತ್ಯದಲ್ಲಿ, ಲಾಟನ್ ಊರಿನ ಮಗ್ಗುಲಲ್ಲಿ. ವಿಸ್ತಾರ ಸುಮಾರು 59,000 ಎಕರೆ. ನೆಲದಲ್ಲಿ ಕೈಯಾಳ ಅಗೆಯುವಷ್ಟರಲ್ಲಿ ಕಲ್ಲು ತಾಗುತ್ತದೆ. ಸುತ್ತಲಿನ ಬಯಲೆಲ್ಲ ಉಳುಮೆಗೆ ಸಿಕ್ಕಿ ಗೋಧಿ, ಹತ್ತಿಯ ಹೊಲವಾದಾಗ ಇಲ್ಲಿ ನೇಗಿಲು ಇಳಿಯಲಿಲ್ಲ. ಅದರಿಂದಾಗಿಯೇ ಇಲ್ಲಿನ ಮೂಲ ಹುಲ್ಲು ಇವತ್ತಿಗೂ ಉಳಿದಿದೆ. ಅಕ್ಟೋಬರಿನಲ್ಲಿ ಹೋದರೆ ಬ್ಲೂಸ್ಟೆಮ್ ಹುಲ್ಲು ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ. ನೀಲಿ ಹೆಸರಿನ ಹುಲ್ಲು ಕೆಂಪಾಗಿರುವುದನ್ನು ಕಂಡು ನಮ್ಮ ಜೊತೆಗಿದ್ದ ಮಕ್ಕಳು ಕೇಳಿದ್ದೇ ಕೇಳಿದ್ದು.

ಡಾಲಸ್‌ನಿಂದ ಸುಮಾರು 200 ಮೈಲಿ, ಮೂರೂವರೆ ಗಂಟೆಯ ದಾರಿ. ಹೈವೇ 287 ಹಿಡಿದು ವಿಚಿಟಾ ಫಾಲ್ಸ್, ಅಲ್ಲಿಂದ ಐ-44ರಲ್ಲಿ ಉತ್ತರಕ್ಕೆ. ರೆಡ್ ರಿವರ್ ದಾಟಿದ ಮೇಲೆ ಟೋಲ್ ರಸ್ತೆ. ನಗದು ತೆಗೆದುಕೊಳ್ಳುವುದಿಲ್ಲ, ಟ್ಯಾಗ್ ಇಲ್ಲದಿದ್ದರೆ ನಂಬರ್ ಪ್ಲೇಟ್ ನೋಡಿ ಬಿಲ್ ಮನೆಗೆ ಬರುತ್ತದೆ. ಲಾಟನ್ ದಾಟಿ 45ನೇ ಎಕ್ಸಿಟ್‌ನಲ್ಲಿ ಇಳಿದು ಪಶ್ಚಿಮಕ್ಕೆ ತಿರುಗಿದರೆ ಮೆಡಿಸಿನ್ ಪಾರ್ಕ್, ಆಮೇಲೆ ಧಾಮ. ಪ್ರವೇಶ ಶುಲ್ಕ ಇಲ್ಲ. ಪೆಟ್ರೋಲ್, ಐಸ್, ಹಾಲು, ಮೊಸರು ಎಲ್ಲವನ್ನೂ ಲಾಟನ್‌ನಲ್ಲೇ ಮುಗಿಸಿಕೊಳ್ಳಿ. ಒಳಗೆ ಏನೂ ಸಿಗದು. ಫೋನ್ ಸಿಗ್ನಲ್ ಕೂಡ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮ್ಯಾಪ್ ಮೊದಲೇ ಇಳಿಸಿಕೊಂಡಿರಿ.

ಟೆಂಟ್‌ಗೆ ಮುಖ್ಯ ಜಾಗ ಧಾಮದೊಳಗಿನ ಡೋರಿಸ್ ಕ್ಯಾಂಪ್‌ಗ್ರೌಂಡ್, ಕ್ವಾನಾ ಪಾರ್ಕರ್ ಕೆರೆಯ ಹತ್ತಿರ. ರಿಕ್ರಿಯೇಶನ್ ಡಾಟ್ ಗವ್‌ನಲ್ಲಿ ಬುಕ್ ಮಾಡಬೇಕು. ವಸಂತದ ಮತ್ತು ಅಕ್ಟೋಬರಿನ ವಾರಾಂತ್ಯಗಳು ಬೇಗ ತುಂಬಿಹೋಗುತ್ತವೆ. ಕೆಲವು ಸೈಟುಗಳಿಗೆ ಕರೆಂಟ್ ಇದೆ, ಸ್ನಾನಕ್ಕೆ ವ್ಯವಸ್ಥೆಯೂ ಇದೆ. ಮಕ್ಕಳನ್ನು, ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಧೈರ್ಯವಾಗಿ ಹೇಳಬಹುದಾದ ಜಾಗ. ಅಲ್ಲಿ ಸಿಗದಿದ್ದರೆ ಧಾಮದ ಹೊರಗೆ ಲಾಟಂಕಾ ಕೆರೆಯ ದಂಡೆಯಲ್ಲಿ ಲಾಟನ್ ನಗರದವರ ಕ್ಯಾಂಪ್‌ಗ್ರೌಂಡ್‌ಗಳಿವೆ. ಅಲ್ಲಿಂದ ಧಾಮ ಕೆಲವೇ ನಿಮಿಷದ ದಾರಿ, ಆದರೆ ನಸುಕಿಗೆ ಎದ್ದು ಕಾರು ಓಡಿಸಬೇಕು. ಬೆನ್ನಮೇಲೆ ಹೊರೆ ಹೊತ್ತು ನಡೆಯಬಲ್ಲವರಿಗೆ ಚಾರನ್ಸ್ ಗಾರ್ಡನ್ ಕಾಡಿನೊಳಗೆ ಪರ್ಮಿಟ್ ಪಡೆದು ಉಳಿಯುವ ಅವಕಾಶವೂ ಇದೆ.

ಇನ್ನು ಗಾಳಿ. ಟೆಕ್ಸಸ್‌ನ ಪೈನ್ ಕಾಡುಗಳಲ್ಲಿ ಕ್ಯಾಂಪ್ ಮಾಡಿ ಅಭ್ಯಾಸವಿದ್ದವರಿಗೆ ಇಲ್ಲಿನ ಗಾಳಿಯ ಅಂದಾಜು ಸಿಗುವುದಿಲ್ಲ. ಮಾಮೂಲಿ ದಿನಗಳಲ್ಲಿ ದಕ್ಷಿಣದಿಂದ ಬೀಸುತ್ತಿರುತ್ತದೆ. ಉತ್ತರದಿಂದ ಚಳಿಗಾಳಿ ನುಗ್ಗಿದರೆ ಒಂದು ಗಂಟೆಯೊಳಗೆ ಟೀಶರ್ಟ್ ಹೋಗಿ ಜಾಕೆಟ್ ಬೇಕಾಗುತ್ತದೆ. ಎತ್ತರದ ಫ್ಯಾಮಿಲಿ ಟೆಂಟ್ ಬಿಟ್ಟು ತಗ್ಗಿನದು ಒಯ್ಯಿರಿ. ಟೆಂಟ್ ಜೊತೆ ಬರುವ ಸಪೂರ ಗೂಟಗಳು ಈ ಕಲ್ಲುನೆಲದಲ್ಲಿ ಬಾಗಿಹೋಗುತ್ತವೆ. ದಪ್ಪ ಉಕ್ಕಿನ ಗೂಟ, ಒಂದು ಸುತ್ತಿಗೆ ಇರಲಿ. ಹಗಲು ಗಾಳಿ ಇಲ್ಲವೆಂದು ಬದಿಯ ಹಗ್ಗಗಳನ್ನು ಕಟ್ಟದೆ ಬಿಡಬೇಡಿ; ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಕಟ್ಟುವುದು ಯಾರಿಗೂ ಬೇಡ. ಸೈಟ್ ಆರಿಸುವಾಗ ಮರಗಳ ಗುಂಪು ದಕ್ಷಿಣಕ್ಕಿರುವಂಥದ್ದು ನೋಡಿ. ಒಲೆಗೆ ಸುತ್ತ ಮರೆ ಮಾಡುವ ತಗಡು ಇಲ್ಲದಿದ್ದರೆ ನೀರು ಕುದಿಯುವುದೇ ಇಲ್ಲ. ಒಣ ಕಾಲದಲ್ಲಿ ಬೆಂಕಿ ಹಾಕುವುದನ್ನೇ ನಿಷೇಧಿಸುತ್ತಾರೆ, ಆದ್ದರಿಂದ ಕಟ್ಟಿಗೆ ನಂಬಿಕೊಂಡು ಅಡುಗೆಯ ಲೆಕ್ಕ ಹಾಕಬೇಡಿ. ಏಪ್ರಿಲ್‌ನಿಂದ ಜೂನ್‌ವರೆಗೆ ಗುಡುಗು, ಆಲಿಕಲ್ಲು, ಸುಂಟರಗಾಳಿಯ ಕಾಲ. ಎಚ್ಚರಿಕೆ ಬಂದರೆ ಟೆಂಟಿನಲ್ಲಿ ಕೂರುವಂತಿಲ್ಲ. ಹತ್ತಿರದ ಗಟ್ಟಿ ಕಟ್ಟಡ ಯಾವುದೆಂದು ಬಂದ ತಕ್ಷಣ ಕೇಳಿಟ್ಟುಕೊಳ್ಳಿ. ಸಿಗ್ನಲ್ ನಂಬುವ ಹಾಗಿಲ್ಲದ ಕಾರಣ ಬ್ಯಾಟರಿಯ ಹವಾಮಾನ ರೇಡಿಯೋ ಇದ್ದರೆ ಒಳ್ಳೆಯದು. ನನ್ನ ಕೇಳಿದರೆ ಅಕ್ಟೋಬರೇ ಸರಿ. ಜುಲೈ, ಆಗಸ್ಟ್‌ನ ಬಿಸಿಲಿನಲ್ಲಿ ಟೆಂಟ್ ವಾಸ ಹಿಂಸೆ.

ನಸುಕಿನ ಮಾತಿಗೆ ಬರುತ್ತೇನೆ. ಬೆಳಕು ಹರಿಯುವ ಅರ್ಧ ಗಂಟೆ ಮೊದಲು ಎದ್ದು ಕಾರಿನಲ್ಲಿ ನಿಧಾನವಾಗಿ ಹೊರಡಿ. ಬೈಸನ್ ಹಿಂಡು ರಸ್ತೆ ಪಕ್ಕ ಮೇಯುತ್ತಿದ್ದರೆ ದೂರದಲ್ಲೇ ನಿಲ್ಲಿಸಿ, ಎಂಜಿನ್ ಆರಿಸಿ, ಕಿಟಕಿ ಇಳಿಸಿ. ಹುಲ್ಲನ್ನು ನಾಲಿಗೆಯಿಂದ ಸುತ್ತಿ ಕೀಳುವ ಸದ್ದು, ನಮ್ಮೂರ ಕೊಟ್ಟಿಗೆಯಲ್ಲಿ ಬೆಳಗಿನ ಜಾವ ಕೇಳಿಸುವಂಥದ್ದೇ, ಮೊದಲು ಕೇಳಿಸುತ್ತದೆ. ಆಮೇಲೆ ಕತ್ತಲಲ್ಲಿ ಆಕಾರಗಳು ಮೂಡುತ್ತವೆ. ನಾವು ನಿಂತಿದ್ದಾಗ ಒಂದು ದೊಡ್ಡ ಗಂಡು ಬಂಡೆಯೊಂದಕ್ಕೆ ಹೆಗಲು ಕೊಟ್ಟು ತುಂಬ ಹೊತ್ತು ಉಜ್ಜುತ್ತಿತ್ತು. ಅದು ಹೋದ ಮೇಲೆ ಬೈನಾಕ್ಯುಲರ್‌ನಲ್ಲಿ ನೋಡಿದರೆ ಬಂಡೆಯ ಆ ಒಂದು ಮೂಲೆ ಎಣ್ಣೆ ಹಚ್ಚಿದಂತೆ ನುಣುಪಾಗಿತ್ತು, ಬಿರುಕಿನಲ್ಲಿ ಕಂದು ಉಣ್ಣೆಯ ಎಳೆಗಳು ಸಿಕ್ಕಿಕೊಂಡಿದ್ದವು. ಬಯಲಲ್ಲಿ ಅಲ್ಲಲ್ಲಿ ಹುಲ್ಲಿಲ್ಲದ, ತಟ್ಟೆಯಾಕಾರದ ಮಣ್ಣಿನ ಗುಂಡಿ ಕಂಡರೆ ಅದು ಅವು ಹೊರಳಾಡುವ ಜಾಗ. ಸೆಪ್ಟೆಂಬರ್ ಕೊನೆಯಿಂದ ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಗಳ ಗಂಡುಗಳ ಕೂಗೂ ಕೇಳಿಸುತ್ತದೆ: ತಗ್ಗಿನಲ್ಲಿ ಶುರುವಾಗಿ, ಸೀಟಿಯಂತೆ ಮೇಲೇರಿ, ಕೊನೆಗೆ ಗೊರಗೊರ ಎಂದು ನಿಲ್ಲುತ್ತದೆ.

ಈ ಬೈಸನ್‌ಗಳ ಕತೆ ಗೊತ್ತಿದ್ದು ನೋಡಿದರೆ ಅದರ ತೂಕವೇ ಬೇರೆ. ಬಯಲುಗಳಲ್ಲಿ ಕೋಟಿಗಟ್ಟಲೆ ಇದ್ದವನ್ನು 19ನೇ ಶತಮಾನದ ಕೊನೆಯ ಹೊತ್ತಿಗೆ ಬೇಟೆಯಾಡಿ ಮುಗಿಸಿದ್ದರು. ಅವನ್ನೇ ನಂಬಿ ಬದುಕಿದ್ದ, ಈ ಬಯಲುಗಳ ಮೂಲನಿವಾಸಿಗಳಾದ ಕಮಾಂಚಿ ಜನರ ಬದುಕೂ ಅದರ ಜೊತೆ ಮುರಿದುಬಿತ್ತು. 1905ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಈ ಬೆಟ್ಟಗಳನ್ನು ಪ್ರಾಣಿಗಳಿಗೆ ಮೀಸಲಿಟ್ಟರು. 1907ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್ ಮೃಗಾಲಯದಿಂದ 15 ಬೈಸನ್‌ಗಳನ್ನು ರೈಲಿನಲ್ಲಿ ಪಕ್ಕದ ಕ್ಯಾಶ್ ಊರಿಗೆ ತಂದು, ಅಲ್ಲಿಂದ ಗಾಡಿಗಳಲ್ಲಿ ಬೆಟ್ಟಕ್ಕೆ ಸಾಗಿಸಿದರು. ಅವು ಬರುವುದನ್ನು ನೋಡಲು ಕಮಾಂಚಿ ನಾಯಕ ಕ್ವಾನಾ ಪಾರ್ಕರ್ ಮತ್ತು ಅವರ ಜನ ಸೇರಿದ್ದರು. ಇವತ್ತು ಹಿಂಡಿನಲ್ಲಿ ಸುಮಾರು 650 ಇವೆ. ಮಕ್ಕಳಿಗೆ ಕಾರಿನಲ್ಲಿ ಕೂತು ಹಿಂಡು ತೋರಿಸುತ್ತಾ ಇದನ್ನು ಹೇಳಿ.

ಆದರೆ ಕಾರಿನಿಂದ ಇಳಿದು ಹತ್ತಿರ ಹೋಗುವ ಆಸೆಯನ್ನು ಬಿಟ್ಟುಬಿಡಿ. ಮೇಯುವಾಗ ಎಮ್ಮೆಯ ಹಾಗೆ ಸಾಧುವಾಗಿ ಕಂಡರೂ 900 ಕಿಲೋ ತೂಗುವ ಗಂಡು ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ನುಗ್ಗಬಲ್ಲದು. ಬಾಲ ಮೇಲೆತ್ತಿತು ಎಂದರೆ ಅದು ಸಿಟ್ಟಾಗಿದೆ ಎಂದೇ ತಿಳಿಯಿರಿ. ಇವು ಕೆಲವೊಮ್ಮೆ ಕ್ಯಾಂಪ್‌ಗ್ರೌಂಡಿನೊಳಕ್ಕೂ ಬರುತ್ತವೆ. ಆಗ ಎದ್ದು ಓಡಿಸಲು ಹೋಗದೆ ಕಾರಿನೊಳಗೆ ಸೇರಿಕೊಂಡು, ಅವು ದಾಟಿಹೋಗಲು ಬಿಡಿ. ಲಾಂಗ್‌ಹಾರ್ನ್ ದನಗಳಿಗೂ ಇದೇ ಮಾತು. ರಾತ್ರಿ ಕಾರು ಓಡಿಸುವುದಾದರೆ ತೀರಾ ನಿಧಾನ. ಕಪ್ಪು ರಸ್ತೆ ಮೇಲೆ ನಿಂತ ಕಪ್ಪು ಪ್ರಾಣಿ ಹೆಡ್‌ಲೈಟಿಗೆ ಕೊನೇ ಗಳಿಗೆಯಲ್ಲಷ್ಟೇ ಕಾಣುತ್ತದೆ.

ಹೈವೇ 49ರ ಪಕ್ಕ ಪ್ರೈರಿ ಡಾಗ್ ಎಂಬ, ಅಳಿಲಿನ ಜಾತಿಯ ಪ್ರಾಣಿಗಳು ಬಿಲ ತೋಡಿಕೊಂಡಿರುವ ‘ಊರಿ’ನಲ್ಲಿ ಅರ್ಧ ಗಂಟೆ ಕಳೆಯಿರಿ. ಒಂದು ಬಿಲದ ಬಾಯಲ್ಲಿ ಎದ್ದು ನಿಂತು ಕೂಗಿದರೆ ಸುತ್ತಲಿನವೆಲ್ಲ ಅದನ್ನೇ ಹಿಡಿಯುತ್ತವೆ. ತಿಂಡಿ ಎಸೆಯಬೇಡಿ.

ಹುಲ್ಲಿನಲ್ಲಿ ಉಣ್ಣೆಹುಳುಗಳ ಕಾಟ ಬೇಸಗೆ ಪೂರ್ತಿ ಇರುತ್ತದೆ. ಉದ್ದ ಪ್ಯಾಂಟ್ ಹಾಕಿ ಕಾಲುಚೀಲದೊಳಕ್ಕೆ ಸೇರಿಸಿ, ರಾತ್ರಿ ಮಲಗುವ ಮೊದಲು ಮಕ್ಕಳ ಮಂಡಿಯ ಹಿಂದೆ, ಕಿವಿಯ ಹಿಂದೆ, ಸೊಂಟದ ಸುತ್ತ ಟಾರ್ಚ್ ಹಾಕಿ ನೋಡಿ. ಎಲ್ಕ್ ಮೌಂಟನ್, ಡಾಗ್ ರನ್ ಹಾಲೋ ಹಾದಿಗಳಲ್ಲಿ ಬಂಡೆ ಹತ್ತುವಾಗ ಕಣ್ಣಿಗೆ ಕಾಣದ ಸಂದಿಗೆ ಕೈ ಹಾಕಬೇಡಿ, ರ‍್ಯಾಟಲ್ ಹಾವುಗಳಿವೆ. ಇನ್ನೊಂದು: ಧಾಮಕ್ಕೆ ಅಂಟಿಕೊಂಡೇ ಫೋರ್ಟ್ ಸಿಲ್ ಸೇನಾನೆಲೆ ಇದೆ. ಫಿರಂಗಿ ತರಬೇತಿಯ ಢಂ ಢಂ ಸದ್ದು ಕತ್ತಲಾದ ಮೇಲೂ ಕೇಳಿಸಬಹುದು. ಚಿಕ್ಕ ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ.

ಊಟಕ್ಕೆ ನಮ್ಮ ಅಡುಗೆಯೇ ವಾಸಿ. ಮನೆಯಲ್ಲಿ ಹುರಿದ ರವೆಗೆ ಒಗ್ಗರಣೆ ಕಲಸಿ ಡಬ್ಬದಲ್ಲಿ ಒಯ್ದರೆ ಕುದಿನೀರು ಹಾಕುವಷ್ಟರಲ್ಲಿ ಉಪ್ಪಿಟ್ಟು. ಪುಳಿಯೋಗರೆ ಗೊಜ್ಜು, ಚಪಾತಿ, ಚಟ್ನಿಪುಡಿ, ಮೊಸರು ಇದ್ದರೆ ಎರಡು ದಿನ ಯಾರ ಹಂಗೂ ಇಲ್ಲ. ಹೊರಗೆ ಹೆಸರುವಾಸಿಯಾದದ್ದು ಮಿಯರ್ಸ್ ಅಂಗಡಿಯ ಲಾಂಗ್‌ಹಾರ್ನ್ ಬರ್ಗರ್, ಸಸ್ಯಾಹಾರಿಗಳಿಗೆ ಅದರಿಂದ ಉಪಯೋಗವಿಲ್ಲ. ಮಲಗುವ ಮೊದಲು ಊಟದ ಪೆಟ್ಟಿಗೆಯನ್ನೆಲ್ಲ ಕಾರಿನಲ್ಲಿಟ್ಟು ಬೀಗ ಹಾಕಿ. ರಕೂನ್‌ಗಳು ಕೂಲರ್ ಮುಚ್ಚಳ ತೆಗೆಯುವುದರಲ್ಲಿ ಪಳಗಿವೆ.

ಮೌಂಟ್ ಸ್ಕಾಟ್ 2,464 ಅಡಿ. ಸೂರ್ಯಾಸ್ತಕ್ಕೆ ಹೋಗಿ, ಆದರೆ ರಸ್ತೆಯನ್ನು ಕೆಲವು ಹೊತ್ತು ವಾಹನಗಳಿಗೆ ಮುಚ್ಚುವುದುಂಟು, ವಿಸಿಟರ್ ಸೆಂಟರ್‌ನಲ್ಲಿ ವಿಚಾರಿಸಿ. ನವೆಂಬರ್, ಡಿಸೆಂಬರ್‌ನಲ್ಲಿ ಹೊರಡುವವರು ಇನ್ನೊಂದು ನೋಡಿಕೊಳ್ಳಬೇಕು: ಎಲ್ಕ್ ಮತ್ತು ಜಿಂಕೆಗಳ ಸಂಖ್ಯೆ ಹತೋಟಿಯಲ್ಲಿಡಲು ಆ ಕಾಲದಲ್ಲಿ ನಿಯಂತ್ರಿತ ಬೇಟೆ ಇಡುತ್ತಾರೆ, ಆ ದಿನಗಳಲ್ಲಿ ಧಾಮದ ಕೆಲವು ಭಾಗಗಳು ಮುಚ್ಚಿರುತ್ತವೆ. ಧಾಮದ ಜಾಲತಾಣದಲ್ಲಿ ಆ ತಾರೀಖುಗಳನ್ನು ನೋಡಿಕೊಂಡೇ ಸೈಟ್ ಬುಕ್ ಮಾಡಿ.