ಗೊಂಬೆಯ ಕೈಯಲ್ಲಿ ಲೋಟ

ಸೇನೆಯಲ್ಲಿ ಏನು ಕೆಲಸ ಮಾಡುತ್ತಿದ್ದಿರಿ ಅಂತ ಊರಲ್ಲಿ ಯಾರಾದರೂ ಕೇಳಿದರೆ, ಕೋಣೆ ಜೋಡಿಸುತ್ತಿದ್ದೆ ಅನ್ನುತ್ತೇನೆ. ಕೇಳಿದವರಿಗೆ ಅರ್ಥ ಆಗುವುದಿಲ್ಲ. ಗೆಸ್ಟ್ ಹೌಸ್ ನೋಡಿಕೊಳ್ಳುತ್ತಿದ್ದೆ ಅಂದುಕೊಳ್ಳುತ್ತಾರೆ.

ಹಾಗಲ್ಲ. ಒತ್ತೆಯಾಳುಗಳನ್ನು ಬಿಡಿಸುವ ತಂಡಗಳಿಗೆ ತರಬೇತಿ ಕೊಡುವ ಒಂದು ಕಡೆ ನಾನು 6 ವರ್ಷ ಉಸ್ತಾದ್ ಆಗಿದ್ದೆ. ಸೇನೆಯಲ್ಲಿ ಕಲಿಸುವವರನ್ನು ಉಸ್ತಾದ್ ಅಂತಲೇ ಕರೆಯುವುದು. ಹುಡುಗರು ಬಾಗಿಲು ಒಡೆದು ನುಗ್ಗುವ ಅಭ್ಯಾಸದ ಮನೆ ಒಂದಿರುತ್ತದೆ. ಅದರ ಒಳಗೆ ಮೇಜು ಎಲ್ಲಿರಬೇಕು, ಪರದೆ ಎಲ್ಲಿ ಇಳಿಬಿಡಬೇಕು, ಯಾವ ಮೂಲೆಯಲ್ಲಿ ಯಾವ ಗೊಂಬೆ ನಿಲ್ಲಬೇಕು, ಅದರ ಕೈಯಲ್ಲಿ ಏನಿರಬೇಕು, ಇದೆಲ್ಲ ನನ್ನ ಪಾಲಿನ ಕೆಲಸ. ಕೇಂದ್ರದ ಹೆಸರು ಇಲ್ಲಿ ಬೇಡ. ಒಳಗುಟ್ಟುಗಳೂ ಬೇಡ. ಆ ಕೆಲಸದಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ಮೊದಲು ಆ ಮನೆ ಹೇಗಿರುತ್ತದೆ ಅಂತ ಹೇಳುತ್ತೇನೆ. ಮೇಲೆ ಚಾವಣಿ ಇರುವುದಿಲ್ಲ. ಅದರ ಬದಲು ಗೋಡೆಗಳ ಮೇಲೆ ಓಡಾಡಲು ಹಲಗೆಯ ದಾರಿ. ಉಸ್ತಾದರು ಅಲ್ಲಿ ನಿಂತು ಕೆಳಗೆ ನಡೆಯುವುದನ್ನು ನೋಡುತ್ತಾರೆ. ಗೋಡೆ ಅಂದರೆ ಹಳೇ ಲಾರಿ ಟಯರುಗಳು. ಒಂದರ ಮೇಲೊಂದು ಪೇರಿಸಿ ಒಳಗೆ ಮರಳು ತುಂಬಿರುತ್ತೇವೆ. ಗುಂಡು ಒಳಗೆ ಹೋಗಿ ಅಲ್ಲೇ ಕೂರುತ್ತದೆ, ತಿರುಗಿ ಚಿಮ್ಮುವುದಿಲ್ಲ. ಗೊಂಬೆ ಅಂದರೆ ಪ್ಲೈವುಡ್ ಹಲಗೆಗೆ ಮೈದಾ ಅಂಟಿನಲ್ಲಿ ಅಂಟಿಸಿದ ಆಳೆತ್ತರದ ಚಿತ್ರ. ಕೈ ಮಾತ್ರ ಬೇರೆ ಕಾಗದ. ಕಿತ್ತು ಇನ್ನೊಂದು ಕೈ ಅಂಟಿಸಬಹುದು. ಪಿಸ್ತೂಲ್ ಹಿಡಿದ ಕೈ, ಮೊಬೈಲ್ ಹಿಡಿದ ಕೈ, ಟಾರ್ಚ್ ಹಿಡಿದ ಕೈ, ಗ್ರೆನೇಡ್ ಹಿಡಿದ ಕೈ, ಸ್ಟೀಲ್ ಲೋಟ ಹಿಡಿದ ಕೈ. ನನ್ನ ಹತ್ತಿರ ಒಂದು ಟ್ರಂಕ್ ತುಂಬಾ ಕೈಗಳಿದ್ದವು.

ಹುಡುಗರು ಈ ಮನೆಗೆ ಬರುವುದು ತಡವಾಗಿ. ಮೊದಲ ದಿನಗಳಲ್ಲಿ ಮನೆಯೂ ಇಲ್ಲ, ಬಂದೂಕೂ ಇಲ್ಲ. ಮೈದಾನದಲ್ಲಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಕೋಣೆ ಬರೆಯುತ್ತೇವೆ. ಬಾಗಿಲು ಇರುವ ಕಡೆ ಗೆರೆ ಬಿಟ್ಟಿರುತ್ತೇವೆ. ನಾಲ್ಕು ಜನ ಒಬ್ಬರ ಹಿಂದೊಬ್ಬರು ನಿಂತು ಅದರೊಳಗೆ ಸುಮ್ನೆ ನಡೆಯಬೇಕು. ಮೊದಲನೆಯವನು ಒಂದು ಮೂಲೆಗೆ, ಎರಡನೆಯವನು ಎದುರು ಮೂಲೆಗೆ. ದಿನವಿಡೀ ಇಷ್ಟೇ. ನೋಡುವವರಿಗೆ ಮಕ್ಕಳ ಕುಂಟೆಬಿಲ್ಲೆ ಆಟದ ಹಾಗೆ ಕಾಣುತ್ತದೆ. ಆಮೇಲೆ ಖಾಲಿ ಬಂದೂಕು, ಆಮೇಲೆ ಬಣ್ಣ ಸಿಡಿಯುವ ಗುಂಡು, ಕೊನೆಗೆ ನಿಜವಾದ ಗುಂಡು. ಮೊದಲು ಹಗಲು, ಆಮೇಲೆ ಕತ್ತಲು, ಆಮೇಲೆ ಹೊಗೆ.

ಇದರಲ್ಲಿ ಅತೀ ಕಷ್ಟದ್ದು ಯಾವುದು ಅಂತ ಕೇಳಿದರೆ ಗುರಿ ಹೊಡೆಯುವುದಲ್ಲ. ಅಲ್ಲಿಗೆ ಬರುವ ಹುಡುಗರೆಲ್ಲ ಒಳ್ಳೆ ಗುರಿಕಾರರೇ. ಕಷ್ಟ ಇರುವುದು ಬೆನ್ನು ಕೊಡುವುದರಲ್ಲಿ. ಒಳಗೆ ಹೋದವನು ತನ್ನ ಮೂಲೆಯನ್ನು ನೋಡಬೇಕಾದರೆ ಅರ್ಧ ಕೋಣೆಗೆ ಬೆನ್ನು ಹಾಕಬೇಕು. ಆ ಅರ್ಧವನ್ನು ಹಿಂದೆ ಬರುವ ಜೊತೆಗಾರ ನೋಡಿಕೊಳ್ಳುತ್ತಾನೆ ಅಂತ ಪೂರ್ತಿ ನಂಬಬೇಕು. ಕತ್ತು ಮಾತು ಕೇಳುವುದಿಲ್ಲ. ಆ ಕಡೆ ಏನಿದೆ ಅಂತ ತಾನಾಗಿ ತಿರುಗುತ್ತದೆ. ಆ ಒಂದು ಇಣುಕಿನಲ್ಲಿ ತನ್ನ ಮೂಲೆ ತಪ್ಪಿಹೋಗುತ್ತದೆ. ಇನ್ನೊಂದು ತಪ್ಪು, ಬಾಗಿಲಲ್ಲಿ ನಿಲ್ಲುವುದು. ಒಳಗಿರುವವನು ಬೇರೆಲ್ಲೂ ನೋಡದಿದ್ದರೂ ಬಾಗಿಲನ್ನಂತೂ ನೋಡುತ್ತಿರುತ್ತಾನೆ. ಅಲ್ಲಿ ಅರೆಕ್ಷಣ ತಡೆದರೂ ಮೇಲಿನಿಂದ ನಮ್ಮ ಸೀಟಿ ಬೀಳುತ್ತದೆ. ಮತ್ತೆ ಮೊದಲಿಂದ.

ಇಂಥ ಮನೆಗಳು ಬಂದದ್ದರ ಹಿಂದೆ ಒಂದು ದುಃಖದ ಕಥೆ ಇದೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಭಯೋತ್ಪಾದಕರು ನುಗ್ಗಿ ಒತ್ತೆಯಾಳುಗಳನ್ನು ಹಿಡಿದಾಗ ಇಸ್ರೇಲಿನ 11 ಮಂದಿ ಸತ್ತರು. ಬಿಡಿಸಲು ಹೋದ ಪೊಲೀಸರಿಗೆ ಆ ಕೆಲಸದ ತರಬೇತಿಯೇ ಇರಲಿಲ್ಲ. ಅದಾದ ಮೇಲೆ ಪಶ್ಚಿಮ ಜರ್ಮನಿ ಕಮಾಂಡೋ ಪಡೆ ಜಿಎಸ್‌ಜಿ 9 ಕಟ್ಟಿತು. ಬ್ರಿಟನ್ ಸೇನೆಯ ವಿಶೇಷ ಪಡೆ ಎಸ್‌ಎಎಸ್ ಹೆರೆಫರ್ಡ್‌ನಲ್ಲಿ ಇಂಥ ಅಭ್ಯಾಸದ ಮನೆ ಕಟ್ಟಿಕೊಂಡಿತು. ನಮ್ಮಲ್ಲಿ 1984ರ ನಂತರ ಕಮಾಂಡೋ ಪಡೆ ಎನ್‌ಎಸ್‌ಜಿ ರೂಪುಗೊಂಡಿತು, 1986ರಲ್ಲಿ ಅದಕ್ಕೆ ಕಾನೂನು ಬಂತು. ಹರಿಯಾಣದ ಮಾನೇಸರದಲ್ಲಿ ಅದರ ತರಬೇತಿ ಕೇಂದ್ರ ಇದೆ.

ಲಂಡನ್ನಿನ ಇರಾನ್ ರಾಯಭಾರ ಕಚೇರಿಯ ಘಟನೆಯನ್ನು ನಾನು ಪ್ರತಿ ಬ್ಯಾಚಿಗೂ ಹೇಳುತ್ತಿದ್ದೆ. 1980ರ ಮೇ 5. 6 ಮಂದಿ ಬಂದೂಕುಧಾರಿಗಳು ಆರನೇ ದಿನವೂ ಜನರನ್ನು ಹಿಡಿದಿಟ್ಟಿದ್ದರು. ಎಸ್‌ಎಎಸ್ ನುಗ್ಗಿ 17 ನಿಮಿಷದಲ್ಲಿ ಮುಗಿಸಿತು. ಎಲ್ಲರೂ ಆ 17 ನಿಮಿಷದ ಬಗ್ಗೆ ಮಾತಾಡುತ್ತಾರೆ. ನಾನು ಹೇಳುತ್ತಿದ್ದದ್ದು ಮೆಟ್ಟಿಲಿನ ಬಗ್ಗೆ. ಕಟ್ಟಡಕ್ಕೆ ಬೆಂಕಿ ಬಿದ್ದಿತ್ತು, ಹೊಗೆ ತುಂಬಿತ್ತು. ಸೈನಿಕರು ಸಾಲಾಗಿ ನಿಂತು ಒತ್ತೆಯಾಳುಗಳನ್ನು ಕೈಯಿಂದ ಕೈಗೆ ದಾಟಿಸುತ್ತಾ ಕೆಳಗೆ ಕಳಿಸುತ್ತಿದ್ದರು. ಆ ಸಾಲಿನಲ್ಲೇ ಒಬ್ಬ ಬಂದೂಕುಧಾರಿ ಸೇರಿಕೊಂಡು ಇಳಿಯುತ್ತಿದ್ದ. ಅವನ ಕೈಯಲ್ಲಿ ಗ್ರೆನೇಡ್ ಇದ್ದದ್ದು ಒಬ್ಬ ಸೈನಿಕನ ಕಣ್ಣಿಗೆ ಬಿತ್ತು. ಅದು ಕಣ್ಣಿಗೆ ಬೀಳದಿದ್ದರೆ ಆ ಮೆಟ್ಟಿಲ ಮೇಲೆ ಏನಾಗುತ್ತಿತ್ತು? ಇನ್ನೊಬ್ಬ ಒತ್ತೆಯಾಳುಗಳ ನಡುವೆ ಹೊರಗೆ ತೋಟದ ತನಕವೂ ಬಂದುಬಿಟ್ಟಿದ್ದ. ಅಲ್ಲಿ ಗುರುತು ಹಿಡಿದರು. ಮುಖ ನೋಡಿದರೆ ಯಾರು ಯಾರೆಂದು ಗೊತ್ತಾಗುವುದಿಲ್ಲ. ಹೆದರಿದವನ ಮುಖವೂ ಹೆದರಿಸುವವನ ಮುಖವೂ ಹೊಗೆಯಲ್ಲಿ ಒಂದೇ ಥರ. ಕೈ ನೋಡಬೇಕು. ಅದಕ್ಕೇ ಆ ಟ್ರಂಕ್.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

2010ರ ಜುಲೈ. ಮಳೆ ಬಿಡದೆ ಹೊಡೆಯುತ್ತಿತ್ತು. ನನ್ನ ಜೊತೆ ಹಲಗೆ ಹೊರುತ್ತಿದ್ದ ಇಬ್ಬರಲ್ಲಿ ಒಬ್ಬ ರಜೆಯಲ್ಲಿದ್ದ. ನನಗೆ ಜ್ವರ. ಒದ್ದೆಯಲ್ಲಿ ಮೈದಾ ಅಂಟು ಹಿಡಿಯುವುದಿಲ್ಲ, ಅಂಟಿಸಿದ ಕೈ ಬೆಳಗಾಗುವಷ್ಟರಲ್ಲಿ ಜೋತು ಬೀಳುತ್ತದೆ. ಹಾಗಾಗಿ ಮೊದಲ ದಿನ ಜೋಡಿಸಿದ ಕೋಣೆಯನ್ನು ಎರಡನೇ ದಿನವೂ ಹಾಗೇ ಬಿಟ್ಟೆ. ತೂತುಗಳಿಗೆ ಕಾಗದದ ಪ್ಯಾಚ್ ಹಚ್ಚಿದೆ, ಅಷ್ಟೇ. ಮೂರನೇ ದಿನವೂ ಅದೇ. ನಾಲ್ಕನೇ ದಿನವೂ ಅದೇ.

ಹುಡುಗರ ಟೈಮಿಂಗ್ ದಿನ ದಿನಕ್ಕೂ ಇಳಿಯಿತು. ಮೊದಲ ದಿನ 9 ಸೆಕೆಂಡ್ ತಗೊಂಡವರು ನಾಲ್ಕನೇ ದಿನ 5ಕ್ಕೆ ಬಂದರು. ಎಲ್ಲರಿಗೂ ಖುಷಿ. ನನಗೂ ಖುಷಿಯಾಯಿತು. ಮಳೆಯಲ್ಲಿ ಇಷ್ಟು ಚೆನ್ನಾಗಿ ಮಾಡುತ್ತಿದ್ದಾರಲ್ಲ ಅಂತ ಮೇಲೆ ನಿಂತು ಹೆಮ್ಮೆಪಟ್ಟೆ.

ಐದನೇ ದಿನ ನಮ್ಮ ಸುಬೇದಾರ್ ಸಾಬ್ ನನಗಿಂತ ಮೊದಲೇ ಬಂದು, ಟ್ರಂಕ್ ತೆಗೆದು, ಒಂದೇ ಒಂದು ಕೈ ಬದಲಾಯಿಸಿದ್ದರು. ಬಲ ಮೂಲೆಯ ಗೊಂಬೆಯ ಕೈಯಲ್ಲಿ ಪಿಸ್ತೂಲಿನ ಬದಲು ಲೋಟ. ಉಳಿದದ್ದೆಲ್ಲ ಹಾಗೇ ಇತ್ತು. ನನಗೂ ಹೇಳಿರಲಿಲ್ಲ.

ಆ ದಿನ ಮೊದಲು ನುಗ್ಗಿದವನು ಗದಗ ಕಡೆಯ ಹುಡುಗ. 24 ವರ್ಷ. ಬ್ಯಾಚಿನಲ್ಲೇ ಚುರುಕು. ಬಾಗಿಲು ತೆರೆಯಿತು, ಬಲಕ್ಕೆ ತಿರುಗಿದ, ಎರಡು ಗುಂಡು. ಎರಡೂ ಎದೆಗೆ, ಒಂದು ರೂಪಾಯಿ ನಾಣ್ಯ ಮುಚ್ಚುವಷ್ಟು ಹತ್ತಿರ. ಲೋಟ ಹಿಡಿದ ಗೊಂಬೆಯ ಎದೆಗೆ.

ಸೀಟಿ ಬಿತ್ತು. ಎಲ್ಲರೂ ನಿಂತರು. ಹುಡುಗ ಗೊಂಬೆಯನ್ನೇ ನೋಡುತ್ತಾ ಇದ್ದ. ಆಮೇಲೆ ತಲೆ ಎತ್ತಿ, ಮೇಲಿದ್ದ ನನ್ನನ್ನು ನೋಡಿ, ಹಿಂದಿ ಮರೆತು ಕನ್ನಡದಲ್ಲೇ ಅಂದ:

“ನಿನ್ನೆ ಅದರ ಕೈಯಾಗ ಪಿಸ್ತೂಲ್ ಇತ್ತಲ್ರೀ ಉಸ್ತಾದ್.”

ಸುಬೇದಾರ್ ಸಾಬ್ ನನ್ನನ್ನು ಪಕ್ಕಕ್ಕೆ ಕರೆದರು. ಬೈಯಲಿಲ್ಲ. ಹುಡುಗನಿಗೆ ಇದನ್ನು ಕಲಿಸಿದ್ದು ಯಾರು ಅಂತ ಕೇಳಿದರು, ಅಷ್ಟೇ. ನನ್ನ ಹತ್ತಿರ ಉತ್ತರ ಇತ್ತು. ನಾಲ್ಕು ದಿನ ಆ ಹುಡುಗರು ಕಲಿತದ್ದು ಕೋಣೆಯನ್ನು ನೋಡುವುದನ್ನಲ್ಲ, ನನ್ನ ಕೋಣೆಯನ್ನು ಬಾಯಿಪಾಠ ಮಾಡುವುದನ್ನು. ಬಲಕ್ಕೆ ತಿರುಗು, ಹೊಡೆ. ಕಣ್ಣು ಆ ಕೈಯನ್ನು ತಲುಪುವ ಮೊದಲೇ ಬೆರಳು ಕೆಲಸ ಮುಗಿಸಿತ್ತು. 4 ಸೆಕೆಂಡ್ ಉಳಿದದ್ದು ಎಲ್ಲಿ ಅಂತ ಆಗ ಗೊತ್ತಾಯಿತು. ನೋಡುವುದನ್ನು ಬಿಟ್ಟಿದ್ದರಿಂದ ಉಳಿದದ್ದು.

ಸಂಜೆ ಹಾರಿಸಿದ ಗುಂಡಿನ ಖಾಲಿ ಖೋಕಾ ಎಣಿಸಿ ಒಪ್ಪಿಸಿದ ಮೇಲೆ ಬ್ಯಾಚನ್ನು ಕೂರಿಸಿಕೊಂಡು ಹೇಳಿದೆ, ಇವತ್ತಿನ ತಪ್ಪು ನಿಮ್ಮದಲ್ಲ, ನನ್ನದು ಅಂತ. ಗದಗದ ಹುಡುಗ ತಲೆ ಎತ್ತಲಿಲ್ಲ. ರಾತ್ರಿ ಊಟಕ್ಕೂ ಬರಲಿಲ್ಲ ಅಂತ ಆಮೇಲೆ ತಿಳಿಯಿತು.

ಅವತ್ತಿನಿಂದ ಎಷ್ಟೇ ಮಳೆ ಬರಲಿ, ಪ್ರತಿ ಸಲ ಕೋಣೆ ಬದಲಾಯಿಸುತ್ತಿದ್ದೆ. ಅಂಟು ಹಿಡಿಯದಿದ್ದರೆ ಸ್ಟೇಪ್ಲರ್. ಆದರೆ ಸ್ವಲ್ಪ ದಿನಕ್ಕೆ ಇನ್ನೊಂದು ವಿಷಯ ಕಂಡಿತು. ಬದಲಾಯಿಸುವುದರಲ್ಲೂ ನನಗೊಂದು ರೂಢಿ ಇತ್ತು. ಜೋಡಿಸಿದ್ದನ್ನೆಲ್ಲ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ತಿರುವಿ ನೋಡಿದರೆ ಪಿಸ್ತೂಲಿನ ಗೊಂಬೆ ಜಾಸ್ತಿ ಸಲ ಬಾಗಿಲಿನ ಬಲಕ್ಕೇ ನಿಂತಿದೆ. ನನ್ನ ಕೈ ಅಲ್ಲಿಗೇ ಹೋಗುತ್ತಿತ್ತು. ಚುರುಕಾದ ಹುಡುಗರು ಅದನ್ನೂ ಕಲಿತುಬಿಡುತ್ತಾರೆ, ತಮಗೇ ಗೊತ್ತಿಲ್ಲದ ಹಾಗೆ. ಹಾಗಾಗಿ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಚೀಟಿ ಹಾಕಿಟ್ಟೆ. ಮೂಲೆಗೊಂದು, ಕೈಗೊಂದು. ಕಣ್ಣು ಮುಚ್ಚಿ ಎತ್ತಿದ್ದೇ ಕೋಣೆ. ಒಮ್ಮೊಮ್ಮೆ ನಾಲ್ಕೂ ಗೊಂಬೆಗೆ ಲೋಟ, ಟಾರ್ಚ್, ಖಾಲಿ ಕೈ ಬರುತ್ತಿತ್ತು. ಒಮ್ಮೊಮ್ಮೆ ಯಾರೂ ಇಲ್ಲದ ಕೋಣೆ. ಒಂದೂ ಗುಂಡು ಹಾರಿಸದೆ ಹೊರಬರುವುದು ಎಷ್ಟು ಕಷ್ಟ ಅಂತ ಅಂಥ ದಿನ ಗೊತ್ತಾಗುತ್ತಿತ್ತು.

ಟೈಮಿಂಗ್ ಮತ್ತೆ 8 ಸೆಕೆಂಡಿಗೆ ಹೋಯಿತು. ಬೋರ್ಡ್ ಮೇಲೆ ಬರೆದ ಅಂಕಿ ಎಲ್ಲರಿಗೂ ಕಾಣುತ್ತದೆ. ಯಾಕೆ ಹಿಂದೆ ಬಿದ್ದಿದ್ದೀರಿ ಅಂತ ಕೇಳುವವರಿದ್ದರು. ಪ್ರತಿ ಸಲ ವಿವರಿಸಬೇಕಾಯಿತು. ಯಾವ ಕೆಲಸದಲ್ಲೇ ಆಗಲಿ, ಅಳೆಯಲು ಸುಲಭವಾದದ್ದನ್ನೇ ಜನ ಅಳೆಯುತ್ತಾರೆ, ಅಲ್ವಾ? ಹುಡುಗ ನೋಡಿ ಹೊಡೆದನೋ ನೋಡದೆ ಹೊಡೆದನೋ ಅಂತ ಸ್ಟಾಪ್‌ವಾಚ್ ಹೇಳುವುದಿಲ್ಲ.

ಮರುವರ್ಷ ಮೇ 2ಕ್ಕೆ ಪಾಕಿಸ್ತಾನದ ಅಬೋಟಾಬಾದ್ ಸುದ್ದಿ ಬಂತು. ಅಮೆರಿಕದ ನೌಕಾಪಡೆಯ ಸೀಲ್ ಕಮಾಂಡೋ ತಂಡ ಬಿನ್ ಲಾಡೆನ್ ಇದ್ದ ಮನೆಯ ಪೂರ್ತಿ ಮಾದರಿ ಕಟ್ಟಿಕೊಂಡು ಅಭ್ಯಾಸ ಮಾಡಿತ್ತು. ಆದರೂ ಒಂದು ಹೆಲಿಕಾಪ್ಟರ್ ಅಂಗಳದಲ್ಲೇ ಕುಸಿಯಿತು. ಆಮೇಲೆ ಹೊರಬಂದ ವಿವರ ಓದಿ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಮಾದರಿಯಲ್ಲಿ ಹೊರಗಿನ ಗೋಡೆಯ ಜಾಗಕ್ಕೆ ತಂತಿ ಬೇಲಿ ಹಾಕಿದ್ದರಂತೆ. ರೆಕ್ಕೆಯ ಗಾಳಿ ಬೇಲಿಯ ಸಂದಿಯಿಂದ ಹೊರಗೆ ಹೋಗುತ್ತಿತ್ತು. ನಿಜವಾದ ಮನೆಗೆ ಎತ್ತರದ ಗಟ್ಟಿ ಗೋಡೆ. ಗಾಳಿ ಅಲ್ಲೇ ಸುತ್ತಿತು, ಹೆಲಿಕಾಪ್ಟರ್ ಗಾಳಿಯಲ್ಲಿ ನಿಲ್ಲಲಾರದೆ ಇಳಿದುಬಿಟ್ಟಿತು. ಒಳಗಿದ್ದವರು ಬದುಕಿದರು, ಎದ್ದು ಕೆಲಸ ಮುಂದುವರಿಸಿದರು. ಅವರಿಗೆ ಕಲಿಸಿದವರನ್ನು ನೆನೆದುಕೊಂಡೆ. ಮಾದರಿ ತಪ್ಪಿದರೂ ಕೆಲಸ ಕೆಡದ ಹಾಗೆ ತಯಾರು ಮಾಡಿದ್ದರು.

ನಮ್ಮ ದೇಶಕ್ಕೆ 2008ರ ಮುಂಬೈ ದಾಳಿ ಈ ಪಾಠವನ್ನು ರಕ್ತದಲ್ಲೇ ಕಲಿಸಿತ್ತು. ತಾಜ್ ಹೋಟೆಲಿನಲ್ಲಿ 500ಕ್ಕೂ ಜಾಸ್ತಿ ಕೋಣೆಗಳು. ಬೆಂಕಿ, ಹೊಗೆ, ಕತ್ತಲು. ಬಾಗಿಲ ಹಿಂದೆ ಉಸಿರು ಬಿಗಿ ಹಿಡಿದ ಜನ. ಬಡಿಯುತ್ತಿರುವವನು ಸೈನಿಕನೋ ಹಂತಕನೋ ಅಂತ ಅವರಿಗೆ ಹೇಗೆ ತಿಳಿಯಬೇಕು? ಹೋಟೆಲ್ ಕೋಣೆಯ ಬಾಗಿಲು ತೆಗೆದ ಕೂಡಲೇ ಕೋಣೆ ಕಾಣುವುದೂ ಇಲ್ಲ. ಮೊದಲು ಇಕ್ಕಟ್ಟಾದ ದಾರಿ, ಪಕ್ಕಕ್ಕೆ ಬಚ್ಚಲು, ಬಟ್ಟೆಯ ಕಪಾಟು, ಆಮೇಲೆ ಮಂಚ. ಸುಣ್ಣದ ಗೆರೆಯ ಚೌಕ ಕೋಣೆಗೂ ಅದಕ್ಕೂ ಸಂಬಂಧವೇ ಇಲ್ಲ. ನಮ್ಮ ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅಲ್ಲಿ, ಗಾಯಗೊಂಡ ತನ್ನ ಕಮಾಂಡೋನನ್ನು ಹೊರಗೆ ಕಳಿಸಿ, ತಾನು ಮುಂದೆ ಹೋಗಿ ಪ್ರಾಣ ಕೊಟ್ಟರು. 31 ವರ್ಷ. ಯಲಹಂಕದಲ್ಲಿ ಅವರ ಹೆಸರಿನ ರಸ್ತೆಯಲ್ಲಿ ಹೋಗುವಾಗಲೆಲ್ಲ ನನ್ನ ಕಾಲು ನಿಧಾನವಾಗುತ್ತದೆ. ಆ ಘಟನೆ ಆದ ಮೇಲೆ ನಾನೂ ಒಂದು ಕೋಣೆಗೆ ಬಚ್ಚಲು ಕಟ್ಟಿಸಿದ್ದೆ. ಬಾಗಿಲ ಹಿಂದೆ ನಾಲ್ಕು ಗೊಂಬೆ ಅಡಗಿಸುತ್ತಿದ್ದೆ, ಎಲ್ಲವೂ ಖಾಲಿ ಕೈ. ಅಷ್ಟೆಲ್ಲ ಕಂಡೂ ಎರಡು ವರ್ಷಕ್ಕೆ ಆ ನಾಲ್ಕು ದಿನದ ಸೋಮಾರಿತನ ಹೇಗೆ ಬಂತು ಅಂತ ಇವತ್ತಿಗೂ ಯೋಚಿಸುತ್ತೇನೆ.

ಬ್ಯಾಚಿನ ಕೊನೆಯ ವಾರ ಗೊಂಬೆಗಳ ನಡುವೆ ಒಬ್ಬ ಜೀವಂತ ಮನುಷ್ಯ ಕುರ್ಚಿಯಲ್ಲಿ ಕೂರುವ ಪದ್ಧತಿ ಇದೆ. ಸುತ್ತ ನಿಜವಾದ ಗುಂಡು. ಎಸ್‌ಎಎಸ್ ಮನೆಯಲ್ಲೂ ಹೀಗೆ ಕೂರಿಸುತ್ತಿದ್ದರು. ಸಾಮಾನ್ಯವಾಗಿ ಅದೇ ತಂಡದ ಇನ್ನೊಬ್ಬ ಹುಡುಗ ಕೂರುತ್ತಾನೆ. ಆ ಸಲ ನಾನು ಕೂರುತ್ತೇನೆ ಅಂತ ಸುಬೇದಾರ್ ಸಾಬ್ ಹತ್ತಿರ ಕೇಳಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ ತಲೆ ಆಡಿಸಿದರು. ಚೀಟಿ ಅವರೇ ಎತ್ತಿದರು. ನನ್ನ ಕುರ್ಚಿ ಬಂದದ್ದು ಬಲ ಮೂಲೆಗೆ. ಮೊದಲು ನುಗ್ಗುವ ಸರದಿ ಗದಗದ ಹುಡುಗನದು. ಒಳಗೆ ಕೂರುವವರು ಯಾರು ಅಂತ ಅವನಿಗೆ ಹೇಳಿರಲಿಲ್ಲ.

ಕತ್ತಲು. ಕೈಯಲ್ಲಿ ಸ್ಟೀಲ್ ಲೋಟ ಹಿಡಿದು ಕೂತೆ. ಅಷ್ಟು ವರ್ಷ ಆ ಕೋಣೆಯನ್ನು ಮೇಲಿನಿಂದಲೇ ನೋಡಿದ್ದೆ. ಕುರ್ಚಿಯಿಂದ ನೋಡಿದರೆ ಬಾಗಿಲು ಎಷ್ಟು ಹತ್ತಿರ! ಹೊರಗೆ ಬೂಟಿನ ಸದ್ದು ನಿಂತಿತು. ಸದ್ದು, ಬೆಳಕಿನಿಂದ ಕಂಗೆಡಿಸುವ ಸ್ಟನ್ ಗ್ರೆನೇಡ್ ಸಿಡಿದಾಗ ಕಿವಿಗೆ ಹತ್ತಿ, ಮೇಲೆ ಮಫ್ ಇದ್ದರೂ ಹಲ್ಲು ನಡುಗಿತು. ಕಣ್ಣು ಬಿಟ್ಟಾಗ ಟಾರ್ಚಿನ ಬೆಳಕು ನೇರ ನನ್ನ ಲೋಟದ ಮೇಲಿತ್ತು. ಮುಖದ ಮೇಲಲ್ಲ. ಅದು ಅಲ್ಲಿ ನಿಂತದ್ದು ಒಂದು ಕಣ್ಣು ಮಿಟುಕಿಸುವಷ್ಟು ಹೊತ್ತು. ಆಮೇಲೆ ಎಡಕ್ಕೆ ಸರಿಯಿತು, ನನ್ನಿಂದ ಮೂರು ಅಡಿ ಆಚೆ ಪರದೆಯ ಪಕ್ಕದ ಗೊಂಬೆಗೆ ಎರಡು ಗುಂಡು. ಎದುರು ಮೂಲೆಯಿಂದ ಅವನ ಜೊತೆಗಾರನ ಎರಡು ಗುಂಡು. ಹುಡುಗನ ಕತ್ತು ಆ ಕಡೆ ತಿರುಗಲಿಲ್ಲ.

ಹೊಗೆಯಲ್ಲಿ ಒಂದು ಕೈ ಬಂದು ನನ್ನ ಭುಜ ಹಿಡಿಯಿತು. ಟಾರ್ಚಿನ ಬೆಳಕು ಆಗ ಮುಖಕ್ಕೆ ಬಂತು. ಹಿಡಿದ ಕೈ ಗಟ್ಟಿಯಾಯಿತು.

“ನೀವೇನ್ರೀ ಉಸ್ತಾದ್?” ಅಂದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಏಳ್ರೀ. ಹೊರಗ ಹೋಗೂಣು” ಅಂದ.