ರತ್ನಾವಳಿಯ ಗುಡಿ ಹುಡುಕಿಕೊಂಡು ನಂದಿಗೆ

ಚಿಕ್ಕಬಳ್ಳಾಪುರದಲ್ಲಿ ಬಸ್ ಹತ್ತಿ ‘ನಂದಿ’ ಎಂದರೆ ಕಂಡಕ್ಟರ್ ಕೇಳುವ ಮರುಪ್ರಶ್ನೆ ಒಂದೇ: “ಬೆಟ್ಟಕ್ಕಾ, ಊರಿಗಾ?” ಊರಿಗೆ ಎನ್ನಬೇಕು. 1,478 ಮೀಟರ್ ಎತ್ತರದ ಬೆಟ್ಟದ ತುದಿಯಲ್ಲಿರುವುದು ಯೋಗ ನಂದೀಶ್ವರ. ರಾಣಿ ಕಟ್ಟಿಸಿದ ಭೋಗ ನಂದೀಶ್ವರನ ಗುಡಿ ಬುಡದಲ್ಲಿದೆ. ಮೊಬೈಲ್ ಮ್ಯಾಪ್ ನಂಬಿ ಬೆಟ್ಟ ಹತ್ತಿ, ಮಂಜು ನೋಡಿ ಇಳಿದು ಹೋದವರಿಗೆ ಲೆಕ್ಕವಿಲ್ಲ. ರೈಲಾದರೆ ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದ ನಂದಿ ಹಾಲ್ಟ್‌ನಲ್ಲಿ ಇಳಿದು ನಡೆದೇ ಹೋಗಬಹುದು. ಗಾಡಿಗಳು ಕಡಿಮೆ, ವಾಪಸ್ ರೈಲಿನ ಸಮಯ ಮೊದಲೇ ನೋಡಿಟ್ಟುಕೊಳ್ಳಿ.

ರಾಣಿಯ ಹೆಸರು ರತ್ನಾವಳಿ, ಬಾಣ ಅರಸು ವಿದ್ಯಾಧರನ ಮಡದಿ. ಬಾಣರು ತಮ್ಮನ್ನು ಮಹಾಬಲಿಯ ವಂಶದವರೆಂದು ಕರೆದುಕೊಂಡವರು. ಸಾಕ್ಷಾತ್ ಪರಮೇಶ್ವರನನ್ನೇ ಬಾಗಿಲು ಕಾಯಲು ನಿಲ್ಲಿಸಿಕೊಂಡ ಕುಲ ನಮ್ಮದು ಎಂಬುದು ಅವರ ಬಿರುದಾವಳಿ, ಲಾಂಛನ ವೃಷಭ. ಅಂಥ ಮನೆಗೆ ಸೊಸೆಯಾಗಿ ಬಂದವಳು ನಂದಿಯ ಹೆಸರಿನ ಊರಲ್ಲಿ ಶಿವನಿಗೆ ಗುಡಿ ಎತ್ತಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ರಾಷ್ಟ್ರಕೂಟ ಮೂರನೆಯ ಗೋವಿಂದನ 806ರ ತಾಮ್ರಶಾಸನದ ಹೊತ್ತಿಗೆ ಗುಡಿ ಎದ್ದು ನಿಂತಿತ್ತು. 810ರ ಸುಮಾರಿನ ಬಾಣರ ತಾಮ್ರಶಾಸನದಲ್ಲೂ ಇದರ ಮಾತು ಬರುತ್ತದೆ. ಅವಳ ಬಗ್ಗೆ ಉಳಿದಿರುವುದು ಇಷ್ಟೇ: ಹೆಸರು, ಗಂಡನ ಹೆಸರು, ಒಂದು ಗುಡಿ. ಆದ್ದರಿಂದ ಅವಳನ್ನು ಓದಬೇಕಾದದ್ದು ಕಲ್ಲಿನಲ್ಲೇ.

ಅದು ಸುಲಭವಲ್ಲ. ಬಾಣರ ನಂತರ ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು, ಯಲಹಂಕದ ಗೌಡರು, ಎಲ್ಲರೂ ಇಲ್ಲಿ ಕೈಯಾಡಿಸಿದ್ದಾರೆ. ಪೂರ್ವದ ಬಾಗಿಲಿನಿಂದ ಒಳಬಂದರೆ ಎಡಕ್ಕೆ ಅರುಣಾಚಲೇಶ್ವರ, ಬಲಕ್ಕೆ ಭೋಗ ನಂದೀಶ್ವರ, ನಡುವೆ ಸಣ್ಣದಾಗಿ ಉಮಾಮಹೇಶ್ವರ. ಹೆಚ್ಚಿನವರು ಸೀದಾ ನಡುವಿನ ಕಲ್ಯಾಣ ಮಂಟಪಕ್ಕೆ ಹೋಗಿ ಅಲ್ಲೇ ನಿಲ್ಲುತ್ತಾರೆ. ನಿಲ್ಲಬೇಕಾದದ್ದೇ ಬಿಡಿ. ನುಣುಪು ಕರಿಗಲ್ಲಿನ ಕಂಬಗಳಲ್ಲಿ ಶಿವ–ಪಾರ್ವತಿ, ಬ್ರಹ್ಮ–ಸರಸ್ವತಿ, ವಿಷ್ಣು–ಲಕ್ಷ್ಮಿ ಜೋಡಿಗಳಿವೆ. ಜೊತೆಗೆ ಅಗ್ನಿ ಮತ್ತು ಸ್ವಾಹಾದೇವಿಯೂ ಇದ್ದಾರೆ: ಮದುವೆ ಮಂಟಪ ಅಂದಮೇಲೆ ಅಗ್ನಿಸಾಕ್ಷಿ ಬೇಡವೇ? ಬಳ್ಳಿಯ ನಡುವೆ ಹಕ್ಕಿಗಳನ್ನೂ ಕೆತ್ತಿದ್ದಾರೆ. ಆದರೆ “ರಾಣಿ ಕಟ್ಟಿಸಿದ್ದು” ಎಂದು ಇದನ್ನು ತೋರಿಸಿದರೆ ತಲೆಯಾಡಿಸಬೇಡಿ. ಹೊಯ್ಸಳ ಶೈಲಿ ಎನ್ನುವವರಿದ್ದಾರೆ, ವಿಜಯನಗರದ್ದು ಎನ್ನುವವರೂ ಇದ್ದಾರೆ. ಯಾವುದೇ ಆದರೂ ರತ್ನಾವಳಿಗಿಂತ ಕನಿಷ್ಠ ಮುನ್ನೂರು ವರ್ಷ ಈಚಿನದು.

ಅವಳ ಕಾಲಕ್ಕೆ ಹತ್ತಿರವಾಗಬೇಕಾದರೆ ಹೊರಗೆ ಬಂದು ಪ್ರದಕ್ಷಿಣೆ ಹಾಕಬೇಕು. ಮೊದಲು ಸಿಗುವುದು ಅರುಣಾಚಲೇಶ್ವರನ ದಕ್ಷಿಣದ ಗೋಡೆ. ಅಲ್ಲಿಯ ಜಾಲಂಧ್ರದಲ್ಲಿ, ಅಂದರೆ ಕಲ್ಲಿನ ಜಾಲರಿ ಕಿಟಕಿಯಲ್ಲಿ, ಶಿವ ಕುಣಿಯುತ್ತಿದ್ದಾನೆ. ಒಂದೇ ಚಪ್ಪಡಿಯನ್ನು ಕೊರೆದು, ಮೂರ್ತಿಯನ್ನು ಉಳಿಸಿ ಸುತ್ತ ಬೆಳಕಿಂಡಿ ಬಿಟ್ಟಿದ್ದಾರೆ. ನಡುಮಧ್ಯಾಹ್ನದ ನೇರ ಬಿಸಿಲಲ್ಲಿ ನೋಡಿದರೆ ಕೆತ್ತನೆಯ ಆಳವೇ ಗೊತ್ತಾಗದೆ ಎಲ್ಲ ಸಪಾಟಾಗಿ ಕಾಣುತ್ತದೆ. ಬೆಳಿಗ್ಗೆ, ಬಿಸಿಲು ಗೋಡೆಗೆ ಓರೆಯಾಗಿ ಬೀಳುವಾಗ ಬನ್ನಿ.

ಹಿಂಬದಿಗೆ ಬಂದಾಗ ಎರಡು ಮೆಟ್ಟಿಲುಮೆಟ್ಟಿಲಾದ ಗೋಪುರಗಳ ನಡುವೆ ಉದ್ದಕ್ಕೆ ಒಂದೇ ಗೋಡೆ ಕಾಣುತ್ತದೆ. ಇಲ್ಲೇ ಕಣ್ಣು ಮೋಸಹೋಗುವುದು. ಮೂಲದಲ್ಲಿ ಇವು ಬೇರೆ ಬೇರೆ ನಿಂತಿದ್ದ ಗುಡಿಗಳು. ನಡುವಿನ ಗುಡಿ ಸೇರಿಸಿದಾಗ, ಎಲ್ಲ ಒಂದೇ ಕಟ್ಟಡವಾಗಿ ಕಾಣಲೆಂದು ಸಂದಿಯನ್ನು ಮುಚ್ಚಿದ್ದಾರೆ. ಗುರುತು ಹಿಡಿಯುವುದು ಹೀಗೆ: ಹಳೆಯ ಗೋಡೆಯಲ್ಲಿ ಅರೆಗಂಬಗಳು, ಅವುಗಳ ನಡುವೆ ಖಾಲಿ ಕಲ್ಲು, ಸೇರಿಸಿದ ಗೋಡೆಯಲ್ಲಿ ದೇವತೆಗಳ, ಋಷಿಗಳ ಮೆರವಣಿಗೆ. ಕೆತ್ತನೆ ಜಾಸ್ತಿಯಾದಷ್ಟೂ ಹಳತು ಎಂದುಕೊಳ್ಳುವವರಿಗೆ ಈ ಗೋಡೆ ಒಳ್ಳೆಯ ಪಾಠ.

ಮುಂದೆ ಉತ್ತರಕ್ಕೆ ತಿರುಗಿದರೆ ರತ್ನಾವಳಿಯ ಗುಡಿಯ ಮಗ್ಗುಲು. ಜಾಲಂಧ್ರದಲ್ಲಿ ಕೋಣನ ತಲೆಯ ಮೇಲೆ ನಿಂತ ದುರ್ಗೆ. ಹೊಡೆದಾಟ ಮುಗಿದಿದೆ; ನೆಟ್ಟಗೆ, ಸಮಾಧಾನವಾಗಿ ನಿಂತಿದ್ದಾಳೆ. ಈ ಗೋಡೆಗೆ ವರ್ಷದ ಬಹುಪಾಲು ನೇರ ಬಿಸಿಲಿಲ್ಲ, ಹಾಗಾಗಿ ಫೋಟೋ ಮಂಕಾಗಿ ಬರುತ್ತದೆ. ಫ್ಲ್ಯಾಶ್ ಎದುರಿನಿಂದ ಹೊಡೆದರೆ ಇನ್ನೂ ಕೆಡುತ್ತದೆ. ಜೊತೆಗಿರುವವರು ಪಕ್ಕದಿಂದ ಟಾರ್ಚ್ ಹಿಡಿಯಲಿ. ಇಲ್ಲಿರುವ ಪ್ರತಿ ಕಲ್ಲೂ ರಾಣಿಯ ಕಾಲದ್ದೆನ್ನಲು ಬರುವುದಿಲ್ಲ. ಒಂಬತ್ತು–ಹತ್ತನೆಯ ಶತಮಾನದ ನೊಳಂಬರ ಕೈಚಳಕ ಎದ್ದು ಕಾಣುತ್ತದೆ. ಆದರೂ ಅವಳು ಕಟ್ಟಿಸಿದ ಗುಡಿಯ ಪಕ್ಕದಲ್ಲಿ ನಿಂತಿದ್ದೇವೆ ಎನ್ನಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಒಳಗೆ ಹೋದ ಕೂಡಲೇ ಏನೂ ಕಾಣುವುದಿಲ್ಲ. ಎರಡು ನಿಮಿಷ ಸುಮ್ಮನೆ ನಿಂತು ನವರಂಗದ (ಗರ್ಭಗುಡಿಯ ಮುಂದಿನ ಕಂಬಗಳ ಮಂಟಪದ) ನಡುಚಾವಣಿ ನೋಡಿ: ಉಮಾಮಹೇಶ್ವರರ ಸುತ್ತ ಅಷ್ಟದಿಕ್ಪಾಲಕರು. ಆನೆ ಏರಿದವನು ಇಂದ್ರ, ಅದು ಪೂರ್ವ. ಅಲ್ಲಿಂದ ಬಲಕ್ಕೆ ಟಗರಿನ ಅಗ್ನಿ, ಕೋಣದ ಯಮ, ಹೀಗೆ ಸುತ್ತಿಕೊಂಡು ಹೋಗಬಹುದು. ಗರ್ಭಗುಡಿಯತ್ತ ಮೊಬೈಲ್ ಎತ್ತಬೇಡಿ, ಅರ್ಚಕರಿಂದ “ಒಳಗಡೆ ಫೋಟೋ ಬೇಡಮ್ಮ” ಅನ್ನಿಸಿಕೊಳ್ಳಬೇಕಾಗುತ್ತದೆ.

ಹನ್ನೊಂದರ ಮೇಲೆ ಅಂಗಳದ ಹಾಸುಗಲ್ಲು ಕಾಲು ಸುಡುತ್ತದೆ, ದಪ್ಪ ಕಾಲುಚೀಲ ಚೀಲದಲ್ಲಿರಲಿ. ಉತ್ತರಕ್ಕಿರುವ ಶೃಂಗಿತೀರ್ಥ ಕಲ್ಯಾಣಿಯಲ್ಲಿ ತಳದ ಮೆಟ್ಟಿಲಿಗೆ ಪಾಚಿ; ಮೇಲಿನ ಸಾಲಿನಲ್ಲೇ ಕೂತು ಬುತ್ತಿ ಬಿಚ್ಚದೆ ನೋಡಿ ಬನ್ನಿ. ದಕ್ಷಿಣ ಪಿನಾಕಿನಿ ಹುಟ್ಟುವುದು ಇಲ್ಲೇ ಎಂಬುದು ಊರವರ ನಂಬಿಕೆ. ಶಿವರಾತ್ರಿ ಜಾತ್ರೆಗೆ ಬರುವವರು ತೇರು ನೋಡಲಿ, ಜಾಲಂಧ್ರ ನೋಡುವ ಆಸೆ ಬಿಡಲಿ.

ಇನ್ನೊಂದು ದಿನ ಕೈಯಲ್ಲಿದ್ದರೆ ಮುಳಬಾಗಿಲು ತಾಲ್ಲೂಕಿನ ಆವನಿಗೆ ಹೋಗಿ. ಅಲ್ಲಿ ಗುಡಿಯ ಜೊತೆಗೆ ಕೆರೆಯನ್ನೂ ಕಟ್ಟಿಸಿದವಳು ನೊಳಂಬರ ರಾಣಿ ದೀವಬ್ಬರಸಿ. ನಂದಿಯಿಂದ ಹೊರಡುವ ಮುನ್ನ ಟಾರ್ಚಿನ ಸೆಲ್ ಬದಲಿಸಿಕೊಳ್ಳಿ.