ಮೊಟ್ಟೆ ಟ್ರೇಯ ಚೆನ್ನೆಮಣೆ

ಆಟಿ ಅಂದರೆ ತುಳುವರ ಮಳೆಗಾಲದ ತಿಂಗಳು. ಆಗ ಜೋರು ಮಳೆಗೆ ಕಲೆಕ್ಟರರು ಕೊಡುವ ರಜೆಗೆ ಮಕ್ಕಳಿಗಿಂತ ಜಾಸ್ತಿ ಟೀಚರುಗಳೇ ಕಾಯುತ್ತಾರೆ. ಹೊರಗೆ ಹೇಳುವುದಿಲ್ಲ, ಅಷ್ಟೆ. ರಾತ್ರಿ ಊಟಕ್ಕೆ ಮೊದಲು ಒಮ್ಮೆ ವಾಟ್ಸಾಪ್ ನೋಡುವುದು, ಊಟ ಆದ ಮೇಲೆ ಇನ್ನೊಮ್ಮೆ. ರೆಡ್ ಅಲರ್ಟ್ ಅಂದರೆ ಆಸೆ ಇಟ್ಟುಕೊಳ್ಳಬಹುದು. ಆರೆಂಜ್ ಆದರೆ ಹೇಳಲಿಕ್ಕೆ ಬರುವುದಿಲ್ಲ. ಅವತ್ತು ಆರೆಂಜ್. ರಜೆ ಬರಲಿಲ್ಲ, ಮಳೆ ಬಂತು.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಪೆರ್ಲದ ಕಡೆಯ ಸಣ್ಣ ಎಲ್.ಪಿ. ಶಾಲೆ. ಒಂದರಿಂದ ನಾಲ್ಕರವರೆಗೆ, ಕನ್ನಡ ಮಾಧ್ಯಮ. ನನಗೆ ಎರಡನೇ ತರಗತಿ. ಒಂದನೇ ತರಗತಿಯ ಟೀಚರ್ ಅವತ್ತು ಬಂದಿರಲಿಲ್ಲ, ಅವರ ಮಕ್ಕಳೂ ನನ್ನ ಕೋಣೆಗೇ ಬಂದರು. ಎರಡೂ ಸೇರಿ ಹದಿನಾರು ಮಂದಿ. ಕರೆಂಟ್ ಇಲ್ಲ, ಹಾಗಾಗಿ ಪ್ರೊಜೆಕ್ಟರ್ ಇದ್ದೂ ಇಲ್ಲ. ಹಂಚಿನ ಮೇಲೆ ಮಳೆ ಬೀಳುವಾಗ ಪಾಠ ಮಾಡಿದವರಿಗೆ ಗೊತ್ತು, ಮೂರನೇ ಸಾಲಿನ ಮಗುವಿಗೆ ನಮ್ಮ ಬಾಯಿ ಅಲ್ಲಾಡುವುದು ಮಾತ್ರ ಕಾಣುತ್ತದೆ.

ಹತ್ತು ಮತ್ತು ಬಿಡಿ ಹೇಳಿಕೊಡುವುದು ಅಂತ ಇತ್ತು ನನ್ನ ಲೆಕ್ಕಾಚಾರ. ಅದಕ್ಕೆ ಮನೆಯಿಂದ ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ಮಂಜೊಟ್ಟಿ ತಂದಿದ್ದೆ. ಕೆಂಪಗೆ ಹೊಳೆಯುವ ಗಟ್ಟಿ ಬೀಜ. ಹತ್ತು ಹತ್ತರ ಗುಂಪು ಮಾಡಿ, ಉಳಿದದ್ದು ಬಿಡಿ. ಎಲ್ಲಾ ಕಡೆ ಮಾಡುವ ಚಟುವಟಿಕೆಯೇ. ಬಾಟಲಿ ಮೇಜಿನ ಮೇಲೆ ಇಟ್ಟದ್ದೇ ತಡ, ಒಂದನೇ ತರಗತಿಯ ಒಬ್ಬ ಹುಡುಗ ಎದ್ದು ಬಂದ. ಜೂನಿನಲ್ಲಿ ಪ್ರವೇಶೋತ್ಸವದ ದಿನ ಬಲೂನು ಹಿಡಿದುಕೊಂಡು ಗೇಟಿನವರೆಗೂ ಅತ್ತವನು ಇವನೇ.

"ಟೀಚರೇ, ಇದು ಚೆನ್ನೆಗೆ ಇರುವುದು" ಅಂದ. "ಅಜ್ಜಿಯ ಹತ್ತಿರ ಉಂಟು. ಮಣೆ ಎಲ್ಲಿ?"

ಮಣೆ ನಮ್ಮ ಮನೆಯಲ್ಲೂ ಇದೆ. ಹಲಸಿನ ಮರದ್ದು. ಮಳೆಯಲ್ಲಿ ಬಸ್ಸಿನಲ್ಲಿ ಹೊತ್ತು ತರುವ ಸಾಮಾನಲ್ಲ ಅದು. ಘಟ್ಟದ ಮೇಲೆ ಅಳಗುಳಿಮಣೆ ಅನ್ನುವುದು ಇದನ್ನೇ. ತುಳುನಾಡಿನ ಮನೆಗಳಲ್ಲಿ ಆಟಿ ಬಂದಾಗ ಅಟ್ಟದಿಂದ ಇಳಿಸುತ್ತಾರೆ. ಹೊರಗೆ ಕೆಲಸ ಇಲ್ಲದ ತಿಂಗಳು, ಮಳೆ ಬಿಡುವುದಿಲ್ಲ, ಮತ್ತೆಂತ ಮಾಡುವುದು! ಮುಂದಿನ ಸೋಣ ತಿಂಗಳು ಬಂದರೆ ಮಣೆ ಮತ್ತೆ ಅಟ್ಟಕ್ಕೆ. ಎದುರುಬದುರು ಏಳೇಳು ಗುಳಿ, ಗುಳಿಗೆ ನಾಲ್ಕು ಬೀಜ, ಒಟ್ಟು 56.

ಹುಡುಗ ಕೇಳಿದ್ದು ಸರಿ ಅನಿಸಿತು. ಬೀಜ ಇದೆ, ಆಡುವವರು ಇದ್ದಾರೆ, ಮಣೆ ಮಾತ್ರ ಇಲ್ಲ. ಅಡುಗೆಯ ಅಕ್ಕನಲ್ಲಿ ಕೇಳಿದೆ. ನಮ್ಮಲ್ಲಿ ಮಕ್ಕಳಿಗೆ ಬಿಸಿಯೂಟದ ಜೊತೆ ವಾರಕ್ಕೆ ಒಂದು ಮೊಟ್ಟೆ, ಎರಡು ಸಲ ಹಾಲು. ಮೊಟ್ಟೆ ಬಂದ ರಟ್ಟಿನ ಟ್ರೇಗಳು ಅಡುಗೆ ಕೋಣೆಯ ಮೂಲೆಯಲ್ಲಿ ಬಿದ್ದಿದ್ದವು. ಮೂವತ್ತು ಮೊಟ್ಟೆಯ ಟ್ರೇ, ಐದು ಸಾಲು, ಸಾಲಿಗೆ ಆರು. ಎರಡೆರಡು ಸಾಲು ಕತ್ತರಿಸಿದರೆ ಒಂದು ಟ್ರೇಯಲ್ಲಿ ಎರಡು ಮಣೆ, ಒಂದು ಸಾಲು ಉಳಿಕೆ. ಎರಡು ಟ್ರೇ ಕತ್ತರಿಸಿ ನಾಲ್ಕು ಮಣೆ ಮಾಡಿದೆವು.

ಏಳು ಗುಳಿ ಬೇಕಾದಲ್ಲಿ ಆರೇ ಆಯಿತಲ್ಲ ಅಂತ ಮೊದಲು ಹೇಳಿದ್ದು ಅದೇ ಅಜ್ಜಿಯ ಮೊಮ್ಮಗ. "ಇದು ಸಣ್ಣವರ ಚೆನ್ನೆ" ಅಂತ ಸಮಾಧಾನ ಮಾಡಿದೆ. ಹನ್ನೆರಡು ಗುಳಿ, ನಾಲ್ಕರ ಹಾಗೆ ಹಾಕಿದರೆ ಎಷ್ಟು ಬೀಜ ಬೇಕು? ಎರಡನೇ ತರಗತಿಯವರು ಬೆರಳು ಮಡಚಿದರು, ಒಬ್ಬಳು ಸ್ಲೇಟಿನಲ್ಲಿ ಗೆರೆ ಹಾಕಿದಳು. ಒಂದನೆಯವರು ಯಾವ ಗೊಡವೆಗೂ ಹೋಗಲಿಲ್ಲ. ಗುಳಿ ತುಂಬಿಸಿ, ಆಮೇಲೆ ಎಲ್ಲವನ್ನೂ ನೆಲಕ್ಕೆ ಸುರಿದು ಎಣಿಸಿದರು. 48. ನನ್ನ ಬಾಟಲಿಯ 56 ಮಂಜೊಟ್ಟಿ ಒಂದೇ ಮಣೆಗೆ ಆಯಿತು, ಎಂಟು ಉಳಿಯಿತು. ಉಳಿದ ಮೂರು ಮಣೆಗೆ ಅಕ್ಕ ಡಬ್ಬಿಯಿಂದ ಹುಣಸೆಬೀಜ ಕೊಟ್ಟರು. ಮೂಗಿಗೆ ಕಿವಿಗೆ ಹಾಕಬಾರದು ಅಂತ ಎರಡೆರಡು ಸಲ ಹೇಳಿಸಿದೆ. ಇಷ್ಟರಲ್ಲಿ ಒಬ್ಬಳು, "ನಮ್ಮ ಬೇಲಿಯಲ್ಲೂ ಉಂಟು ಟೀಚರೇ, ಕೆಂಪು, ಒಂದು ಬದಿ ಕಪ್ಪು. ನಾಳೆ ತರ್ತೇನೆ" ಅಂದಳು. ಅದು ಗುಲಗಂಜಿ. ಜಗಿದರೆ ವಿಷ, ಮಕ್ಕಳ ಕೈಗೆ ಕೊಡುವ ವಸ್ತುವೇ ಅಲ್ಲ. ಬೇಡವೇ ಬೇಡ ಅಂದೆ. ಸಂಜೆ ಅವಳ ಅಮ್ಮನಿಗೂ ಫೋನ್ ಮಾಡಿ ಹೇಳಿದೆ.

ಹೊರಡುವಾಗ ಅಡುಗೆಯ ಅಕ್ಕ ಬಾಗಿಲಲ್ಲಿ ನಿಂತು ಮೆಲ್ಲಗೆ, "ಆ ಅಕ್ಕ ತಂಗಿಯನ್ನು ಎದುರುಬದುರು ಕೂರಿಸಬೇಡಿ ಟೀಚರೇ" ಅಂದರು. ಎರಡನೇ ತರಗತಿಯಲ್ಲಿ ಅಕ್ಕ, ಒಂದನೆಯಲ್ಲಿ ತಂಗಿ ಇದ್ದಾರೆ. ತುಳುವಿನ ಜನಪದ ಹಾಡುಗಥೆ ಸಿರಿ ಪಾಡ್ದನದ ಅಕ್ಕ ತಂಗಿ ಅಬ್ಬಗ ದಾರಗ ಚೆನ್ನೆ ಆಡುತ್ತಾ ಜಗಳವಾಗಿ, ಅಕ್ಕ ಮಣೆಯಿಂದಲೇ ತಂಗಿಗೆ ಹೊಡೆದ ಕಥೆ ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಮಣೆ ರಟ್ಟಿನದ್ದು, ಹೊಡೆದರೂ ಏನೂ ಆಗದು. ಆದರೂ ಬೇರೆ ಬೇರೆ ಕೂರಿಸಿದೆ.

ಮಣೆಗೆ ನಾಲ್ಕು ಮಂದಿ. ಇಬ್ಬರು ಆಡುವವರು, ಇಬ್ಬರು ಸಾಕ್ಷಿ. ಆಟದಲ್ಲಿ ಎಷ್ಟೋ ಬಗೆ ಇದೆ. ನಾನು ಹೇಳಿದ್ದು ತುಂಬಾ ಸುಲಭದ್ದು. ನಿಮ್ಮ ಸಾಲಿನ ಒಂದು ಗುಳಿಯ ಬೀಜ ತೆಗೆಯಿರಿ. ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತಾ ಹೋಗಿ, ಎದುರಿನವರ ಸಾಲಿಗೂ ಸುತ್ತು ಹಾಕಿ. ಕೈ ಖಾಲಿಯಾದರೆ ಅದರ ಮುಂದಿನ ಗುಳಿಯದ್ದು ತೆಗೆದು ಮುಂದುವರಿಸಿ. ಮುಂದಿನ ಗುಳಿ ಬರಿದಾಗಿದ್ದರೆ ಆಟ ನಿಂತಿತು, ಆ ಬರಿಗುಳಿಯ ಆಚೆಗಿನದ್ದು ನಿಮಗೆ. ಅಷ್ಟೆ.

ಹತ್ತು ನಿಮಿಷದಲ್ಲಿ ಜಗಳ ಶುರು.

"ಟೀಚರೇ, ಇವ ಒಂದು ಗುಳಿಗೆ ಎರಡು ಹಾಕಿದ!" "ಇಲ್ಲ, ಬೀಜವೇ ಅಂಟಿಕೊಂಡದ್ದು!" "ಟೀಚರೇ, ಅವಳು ಗುಳಿ ಬಿಟ್ಟು ಹಾರಿಸಿದಳು!" ಸಾಕ್ಷಿಗಳ ಬಾಯಿ ಆಡುವವರಿಗಿಂತ ಜೋರು. ನಾನು ಯಾವ ಮಣೆಯ ಹತ್ತಿರವೂ ಹೋಗಲಿಲ್ಲ. ಕಳ್ಳಾಟ ಹಿಡಿಯಬೇಕಾದರೆ ಎಣಿಸಲೇಬೇಕು. ಗುಳಿಯಲ್ಲಿ ಮೊದಲು ಐದು ಇತ್ತು, ಈಗ ಏಳು ಹೇಗಾಯಿತು ಅಂತ ಕೇಳುವವನಿಗೆ ಕೂಡಿಸುವ ಲೆಕ್ಕ ಬಂದಿದೆ ಅಂತಲೇ ಅರ್ಥ. ವರ್ಕ್‌ಶೀಟಿನಲ್ಲಿ ಐದಕ್ಕೆ ಎರಡು ಕೂಡಿಸಿದರೆ ಎಷ್ಟಾದರೂ ಯಾರಿಗೂ ಚಿಂತೆ ಇಲ್ಲ. ಇಲ್ಲಿ ಹಾಗಲ್ಲ, ತನ್ನ ಬೀಜ ಹೋಗುತ್ತದೆ.

ಕೋಣೆಯಲ್ಲಿ ಎಣಿಕೆ ಎಷ್ಟು ಭಾಷೆಯಲ್ಲಿ ನಡೆಯುತ್ತಿತ್ತು ಅಂತ ಕೇಳಬೇಡಿ. ಒಂದು ಮಣೆಯಲ್ಲಿ ಒಂಜಿ, ರಡ್ಡ್, ಮೂಜಿ. ಪಕ್ಕದಲ್ಲಿ ಒನ್ನ್, ರಂಡ್, ಮೂನ್. ಇನ್ನೊಂದು ಕಡೆ ಮನೆಯಲ್ಲಿ ಕೊಂಕಣಿ ಮಾತಾಡುವವಳು. ನನ್ನೊಡನೆ ಮಾತಾಡುವಾಗ ಮಾತ್ರ ಕನ್ನಡ. ನಮ್ಮ ಜಿಲ್ಲೆಯ ಯಾವ ಕನ್ನಡ ಶಾಲೆಗೆ ಹೋದರೂ ಹೀಗೆಯೇ. ಕನ್ನಡದಲ್ಲಿ ಹೇಳು ಅಂತ ನಡುವೆ ಬಾಯಿ ಹಾಕಿದ್ದರೆ ಅರ್ಧ ಮಕ್ಕಳು ಸುಮ್ಮನಾಗುತ್ತಿದ್ದರು. ಆಟ ಮುಗಿದ ಮೇಲೆ ಎಷ್ಟಾಯಿತು ಅಂತ ನನಗೆ ಹೇಳಲಿಕ್ಕೆ ಹೇಗೂ ಕನ್ನಡ ಬೇಕಲ್ಲ, ಅಷ್ಟು ಸಾಕು.

ಕಿಟಕಿ ಬದಿಯ ಮಣೆಯಲ್ಲಿ ಒಬ್ಬಳು ಸಾಕ್ಷಿ ಕೂತಿದ್ದಳು. ಎರಡನೇ ತರಗತಿಯವಳು. ಕೂಡಿಸುವ ಲೆಕ್ಕ ಕೊಟ್ಟರೆ ಪೆನ್ಸಿಲ್ ಕೆತ್ತುತ್ತಾ ಕೂರುವವಳು. ಪೆನ್ಸಿಲ್ ಮುಗಿಯುತ್ತದೆ, ಲೆಕ್ಕ ಹಾಗೇ ಇರುತ್ತದೆ. ಮಣೆಯಲ್ಲಿ ಆಗಲೇ ಜಗಳ ನಡೆದಿತ್ತು. ಯಾವ ಗುಳಿಯಿಂದ ಶುರು ಮಾಡಿದರೆ ಜಾಸ್ತಿ ಸಿಗುತ್ತದೆ ಅಂತ. ಒಬ್ಬನಿಗೆ ತುದಿಯ ಗುಳಿಯೇ ಆಗಬೇಕು, ಅದು ಲಕ್ಕಿಯಂತೆ. ಇನ್ನೊಬ್ಬಳಿಗೆ ನಡುವಿನದ್ದು. ಆಡಿ ನೋಡಿದರು, ಮತ್ತೆ ತುಂಬಿಸಿದರು, ಮತ್ತೆ ಆಡಿದರು. ಈ ಸಾಕ್ಷಿ ಗಲ್ಲ ಮುಂದೆ ಮಾಡಿಕೊಂಡು, ಒಂದೊಂದು ಬೀಜ ಬೀಳುವಾಗಲೂ ತಲೆ ಅಲ್ಲಾಡಿಸುತ್ತಾ ಕೂತಿದ್ದಳು. ಆಮೇಲೆ ಎದ್ದು ಬಂದು ನನ್ನ ಸೀರೆಯ ತುದಿ ಎಳೆದಳು.

"ಟೀಚರೇ, ಎಲ್ಲಿಂದ ಶುರು ಮಾಡಿದರೂ ಮೊದಲನೇ ಸಲ ಆರೇ ಸಿಗುವುದು."

ನನಗೆ ಗೊತ್ತಿರಲಿಲ್ಲ. ಸಣ್ಣದಿರುವಾಗಿನಿಂದ ಚೆನ್ನೆ ಆಡಿದ್ದೇನೆ, ಹೀಗೆ ಯೋಚಿಸಿದ್ದಿಲ್ಲ. ಅವಳನ್ನೇ ಕೂರಿಸಿ ಆಡಿಸಿದೆ. ತುದಿಯಿಂದ, ಆರು. ನಡುವಿನಿಂದ, ಆರು. ಲಕ್ಕಿ ಗುಳಿಯ ಹುಡುಗನಿಗೆ ನಂಬಿಕೆ ಇಲ್ಲ. ತಾನೇ ಆಡಿ ನೋಡಿದ, ಆರೇ. ಬೇರೆ ಮಣೆಯವರೂ ಬಂದು ಮುತ್ತಿಕೊಂಡರು. "ಯಾಕೆ ಹೀಗೆ?" ಅಂತ ಕೇಳಿದೆ. ಅವಳು ಸ್ವಲ್ಪ ಹೊತ್ತು ಟ್ರೇಯನ್ನು ತಿರುಗಿಸಿದಳು, ಇನ್ನೊಮ್ಮೆ ತಿರುಗಿಸಿದಳು. "ಎಲ್ಲಾ ಗುಳಿಯಲ್ಲೂ ನಾಲ್ಕೇ ಉಂಟಲ್ಲ. ತಿರುಗಿಸಿದರೂ ಒಂದೇ ಹಾಗೆ." ಇದಕ್ಕಿಂತ ಚೆನ್ನಾಗಿ ನನಗೆ ಹೇಳಲಿಕ್ಕೆ ಬರುತ್ತಿರಲಿಲ್ಲ. ರಾತ್ರಿ ಮನೆಯ ಮಣೆಯಲ್ಲಿ ಹದಿನಾಲ್ಕು ಗುಳಿಗೂ ತುಂಬಿಸಿ ನೋಡಿದೆ. ಅಲ್ಲೂ ಮೊದಲ ಕೈಗೆ ಆರೇ. ಮಣೆ ಇದ್ದವರು ಆಡಿ ನೋಡಿ.

ಒಂದು, ಎರಡನೇ ತರಗತಿಗೆ ಕೇರಳದಲ್ಲಿ 'ಉಲ್ಲಾಸ ಗಣಿತ' ಅಂತ ಆಟದ ಮೂಲಕ ಲೆಕ್ಕ ಕಲಿಸುವ ಕಾರ್ಯಕ್ರಮ ಬಂದಿದೆ. ದಾಳ ಹಾಕಿ ಆಡುವ ಆಟಗಳು ಅದರಲ್ಲಿ ಇವೆ. ನಾನೂ ಆಡಿಸುತ್ತೇನೆ, ಮಕ್ಕಳಿಗೆ ಖುಷಿ. ಆದರೆ ದಾಳದಲ್ಲಿ ಗೆದ್ದವನಿಗೆ ತಾನು ಹೇಗೆ ಗೆದ್ದೆ ಅಂತ ಹೇಳಲಿಕ್ಕೆ ಏನೂ ಇಲ್ಲ. ಚೆನ್ನೆಯಲ್ಲಿ ಎಲ್ಲವೂ ಕಣ್ಣೆದುರೇ ಇದೆ. ಕೈ ಹಾಕುವ ಮೊದಲೇ ಗಲ್ಲ ಅಲ್ಲಾಡಿಸುತ್ತಾ ಗುಳಿ ಎಣಿಸುವ ಮಕ್ಕಳನ್ನು ಅವತ್ತೇ ನೋಡಿದೆ. ಬಲೂನಿನ ಹುಡುಗ ಪುಸ್ತಕದಲ್ಲಿ ಇಪ್ಪತ್ತು ದಾಟುವುದಿಲ್ಲ. ಅವನು ಒಂದು ಗುಳಿಯ ಮೇಲೆ ಕೈ ಇಟ್ಟ, ತೆಗೆದ, ಪಕ್ಕದ್ದರ ಮೇಲೆ ಇಟ್ಟ, ಅದನ್ನೂ ಬಿಟ್ಟ. ಮೂರನೆಯದ್ದನ್ನು ತೆಗೆದು ಹಾಕುತ್ತಾ ಹೋಗಿ, ಬರಿಗುಳಿಯ ಹತ್ತಿರ ಸರಿಯಾಗಿ ಕೈ ಖಾಲಿ ಮಾಡಿ, ಆಚೆಗಿನ ಒಂಬತ್ತು ಬೀಜ ಬಾಚಿಕೊಂಡ. ಎದುರಿಗಿದ್ದವಳಿಗೆ ಅಳುವೇ ಬಂತು.

ಊಟದ ಬೆಲ್ಲಿಗೆ ಮೊದಲು ಲೆಕ್ಕ ಒಪ್ಪಿಸಬೇಕು ಅಂದೆ. ಟ್ರೇಯಲ್ಲಿ ಉಳಿದಿದ್ದ ಒಂಟಿ ಸಾಲು ಆಗ ಉಪಯೋಗಕ್ಕೆ ಬಂತು. ಒಂದು ಕುಳಿಗೆ ಹತ್ತು, ಉಳಿದದ್ದು ಹೊರಗೆ. ಬೆಳಿಗ್ಗೆ ಅಂದುಕೊಂಡ ಹತ್ತು ಮತ್ತು ಬಿಡಿಯ ಪಾಠ ಅಲ್ಲಿಗೆ ಆಯಿತು, ನಾನು ಬೇರೆ ಮಾಡಬೇಕಾಗಲಿಲ್ಲ. ಒಂದು ಮಣೆಯಲ್ಲಿ ಒಬ್ಬನದ್ದು 26, ಇನ್ನೊಬ್ಬನದ್ದು 21. ಸಾಕ್ಷಿಗೆ ಒಪ್ಪಿಗೆ ಇಲ್ಲ. ಕೂಡಿಸಿದರೆ 47 ಆಗುತ್ತದೆ, 48 ಬರಬೇಕು, ಒಂದು ಎಲ್ಲಿ? ಚಾಪೆ ಎತ್ತಿದರು, ಜೇಬು ತಡಕಿದರು, ಒಬ್ಬರ ಬಾಯಿ ಇನ್ನೊಬ್ಬರು ತೆರೆಸಿ ನೋಡಿದರು. ಕಡೆಗೆ ಅದು 21ರವನ ಮೀನಖಂಡಕ್ಕೆ ಅಂಟಿಕೊಂಡಿತ್ತು. ಒದ್ದೆ ಕಾಲು ಮಡಚಿ ಕೂತದ್ದಲ್ವಾ. ಈಗ ಹೊಸ ಜಗಳ, ಈ ಬೀಜ ಯಾರದ್ದು? ಅವನೇ ತೀರ್ಮಾನ ಹೇಳಿದ: "ನನಗೇ ಕೊಡಿ. 22 ಆದರೂ ನಾನು ಸೋತದ್ದೇ ಅಲ್ವಾ?" ಯಾರಿಗೂ ಎದುರು ಹೇಳಲು ತೋಚಲಿಲ್ಲ.

ಮಧ್ಯಾಹ್ನ ತರಗತಿಯ ಗ್ರೂಪಿಗೆ ಫೋಟೋ ಹಾಕಿದೆ. ಮೊದಲು ಬಂದ ಪ್ರಶ್ನೆ: "ಟೀಚರ್, ಇವತ್ತು ನೋಟ್ಸಲ್ಲಿ ಎಂತದೂ ಬರೆಸಿಲ್ವಾ?" ಇದು ನನಗೆ ಹೊಸತಲ್ಲ. ಈ ಜಿಲ್ಲೆಗಂತೂ ಹೊಸತೇ ಅಲ್ಲ. 1994ರಲ್ಲಿ ಡಿ.ಪಿ.ಇ.ಪಿ., ಅಂದರೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಕೇರಳಕ್ಕೆ ಬಂದಾಗ ಶುರುವಾದ ಮೂರು ಜಿಲ್ಲೆಗಳಲ್ಲಿ ಕಾಸರಗೋಡೂ ಒಂದು. ವಯನಾಡು, ಮಲಪ್ಪುರಂ ಇನ್ನೆರಡು. ಆಗಿನ ಟೀಚರುಗಳು ಕೇಳಿಸಿಕೊಂಡದ್ದೂ ಇದನ್ನೇ, ಶಾಲೆಯಲ್ಲಿ ಪಾಠ ಇಲ್ಲ, ಬರೇ ಆಟ ಅಂತ. ಅಮ್ಮಂದಿರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಕಾಣುವುದು ನೋಟ್ಸ್ ಒಂದೇ. ಆಮೇಲೆ ಒಂದು ವಾಯ್ಸ್ ಮೆಸೇಜ್ ಬಂತು, ಬಲೂನಿನ ಹುಡುಗನ ಅಜ್ಜಿಯದ್ದು, ತುಳುವಿನಲ್ಲಿ. ನಾನು ಹೇಳಿಕೊಟ್ಟ ಆಟ ಸಪ್ಪೆ, ತಮ್ಮ ಮನೆಯ ಕ್ರಮವೇ ಬೇರೆ, ಮಳೆ ಬಿಟ್ಟರೆ ಬಂದು ತೋರಿಸುತ್ತೇನೆ ಅಂತ. ಬನ್ನಿ ಅಜ್ಜಿ ಅಂದೆ. ಅವರು ಬಂದದ್ದೂ ಆಯಿತು, ಅದು ಬೇರೆ ಕಥೆ.

ಊಟ ಆದ ಮೇಲೆ ಬರೆಸಿದೆ. ಆಟವನ್ನು ಪುಸ್ತಕದಲ್ಲಿ ತೋರಿಸಿ ಅಂದೆ, ಹೇಗೆ ಅಂತ ಹೇಳಲಿಲ್ಲ. ಹೆಚ್ಚಿನವರು ಟ್ರೇಯ ಚಿತ್ರ ಬಿಡಿಸಿದರು, ಇಬ್ಬರು ಮೊಟ್ಟೆಯನ್ನೂ ಸೇರಿಸಿದರು. ಪೆನ್ಸಿಲ್ ಕೆತ್ತುವವಳು ಹನ್ನೆರಡು ಸೊನ್ನೆ ಹಾಕಿ ಒಳಗೆ 4 ಅಂತ ಬರೆದಳು. ಕೆಳಗೆ ಇನ್ನೊಮ್ಮೆ ಹನ್ನೆರಡು ಸೊನ್ನೆ, ಒಂದರಲ್ಲಿ 0, ಆಮೇಲೆ 5, 5, 5, 5, ಉಳಿದದ್ದರಲ್ಲಿ 4. ಅದರ ಕೆಳಗೆ ಮತ್ತೊಂದು ಸಾಲು. ಪುಟ ಮುಗಿದಾಗ ತಿರುಗಿಸಿ ಹಿಂದೆ ಮುಂದುವರಿಸಿದಳು. ಪೆನ್ಸಿಲ್ ಒಮ್ಮೆಯೂ ಕೆತ್ತಲಿಲ್ಲ.

ಮೂರೂವರೆ ಹೊತ್ತಿಗೆ ಲಕ್ಕಿ ಗುಳಿಯ ಹುಡುಗ ಕೇಳಿದ, ನಾಲ್ಕರ ಬದಲು ಮೂರು ಮೂರು ಹಾಕಿದರೆ? ಹಾಕಿ ನೋಡಿದರು. ಎಲ್ಲಿಂದ ಶುರು ಮಾಡಿದರೂ ನಾಲ್ಕೇ ಸಿಕ್ಕಿತು. ಐದೈದು ಹಾಕಿದರೆ ಜಾಸ್ತಿ ಸಿಗಬಹುದು ಅಂತ ಎಲ್ಲರಿಗೂ ಆಸೆ. ಮಂಜೊಟ್ಟಿಯ ಮಣೆಗೆ ಬಾಟಲಿಯಲ್ಲಿ ಉಳಿದಿದ್ದ ಎಂಟನ್ನೂ ಸೇರಿಸಿದರು, ಮತ್ತೂ ನಾಲ್ಕು ಕಡಿಮೆ. ನಾಲ್ಕು ಹುಣಸೆಬೀಜ ಸೇರಿಸಿ 60 ಮಾಡಿದರು. ಆಡಿದರೆ ಸಿಕ್ಕಿದ್ದು ಆರು.

"ನಾಲ್ಕು ಹಾಕಿದರೂ ಆರು, ಐದು ಹಾಕಿದರೂ ಆರು. ಮತ್ತೆ ಯಾಕೆ ಐದು ಹಾಕುವುದು? ಸುಮ್ನೆ ಎಣಿಸುವ ಕೆಲಸ ಜಾಸ್ತಿ" ಅಂತ ಅವನು ಎದ್ದೇ ಹೋದ.

ಕಿಟಕಿ ಬದಿಯವಳು ಏಳಲಿಲ್ಲ. "ಆರಾರು ಹಾಕಿ ನೋಡುವ ಟೀಚರೇ. ಇನ್ನು ಹನ್ನೆರಡು ಬೀಜ ಸಾಕು" ಅಂದಳು.